ಹರ್ಮನ್ ಮೆಲ್ವಿಲ್: ಬದುಕು ಮತ್ತು ಕೃತಿಗಳ ಆಶಯಗಳು

ಹರ್ಮನ್ ಮೆಲ್ವಿಲ್ (1819–1891) ಅಮೆರಿಕದ ಕಾದಂಬರಿಕಾರ, ಕಥೆಗಾರ ಹಾಗೂ ಕವಿ. 'ಮೋಬಿ ಡಿಕ್' ಎಂಬ ತಿಮಿಂಗಿಲಬೇಟೆಯ ಕಾದಂಬರಿಯಿಂದ ಇಂದು ಪ್ರಸಿದ್ಧನಾಗಿರುವ ಈತ ಬದುಕಿದ್ದ ಕಾಲದಲ್ಲಿ ಹೆಸರಾದದ್ದು ಬೇರೊಂದು ಪುಸ್ತಕದಿಂದ. ತೀರಿಕೊಳ್ಳುವ ಹೊತ್ತಿಗೆ ಆ ಹೆಸರೂ ಮಾಸಿಹೋಗಿತ್ತು. ಈತನನ್ನು ಕಡಲಿನ ಕಾದಂಬರಿಕಾರನೆಂದು ಕರೆಯುವುದು ವಾಡಿಕೆಯಾದರೂ, ಒಟ್ಟು ಬರವಣಿಗೆಯನ್ನು ಕಾಲಕ್ರಮದಲ್ಲಿ ಓದಿದಾಗ ಮತ್ತೆ ಮತ್ತೆ ಎದುರಾಗುವುದು ಕಡಲಿಗಿಂತ ಹೆಚ್ಚಾಗಿ ಹಡಗು, ಅಂದರೆ ಹೊರಗೆ ಹೋಗಲು ದಾರಿಯಿಲ್ಲದ ಇಕ್ಕಟ್ಟಿನಲ್ಲಿ ಒಬ್ಬನ ಅಪ್ಪಣೆಗೆ ಒಳಪಟ್ಟು ದುಡಿಯುವ ಜನರ ಸಣ್ಣ ರಾಜ್ಯ. ಮತ್ತು ಆ ರಾಜ್ಯದ ನಡುವೆ ನಿಂತು, ಕಣ್ಣೆದುರು ನಡೆಯುತ್ತಿರುವುದರ ಅರ್ಥ ಹಿಡಿಯಲಾರದೆ ತಡಕಾಡುವ ಒಬ್ಬ ನೋಡುಗ.

ಮೆಲ್ವಿಲ್ 1819ರ ಆಗಸ್ಟ್ 1ರಂದು ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದ. ಎಂಟು ಮಕ್ಕಳಲ್ಲಿ ಮೂರನೆಯವನು. ಎರಡೂ ಕಡೆಯ ಅಜ್ಜಂದಿರು ಅಮೆರಿಕದ ಸ್ವಾತಂತ್ರ್ಯ ಹೋರಾಟದ ವೀರರು: ತಂದೆಯ ತಂದೆ ಥಾಮಸ್ ಮೆಲ್ವಿಲ್ 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಬ್ರಿಟಿಷರ ಚಹಾ ಪೆಟ್ಟಿಗೆಗಳನ್ನು ನೀರಿಗೆಸೆದವರಲ್ಲಿ ಒಬ್ಬ, ತಾಯಿಯ ತಂದೆ ಪೀಟರ್ ಗಾನ್ಸ್‌ವೂರ್ಟ್ 1777ರಲ್ಲಿ ಸ್ಟಾನ್‌ವಿಕ್ಸ್ ಕೋಟೆಯನ್ನು ಮುತ್ತಿಗೆಯಿಂದ ಉಳಿಸಿದ ದಳಪತಿ. ಆದರೆ ಫ್ರಾನ್ಸಿನಿಂದ ಬಟ್ಟೆಬರೆ ತರಿಸಿ ಮಾರುತ್ತಿದ್ದ ತಂದೆ ಆಲನ್ ಸಾಲದಲ್ಲಿ ಮುಳುಗಿ, 1830ರಲ್ಲಿ ಸಂಸಾರವನ್ನು ಆಲ್ಬನಿ ಪಟ್ಟಣಕ್ಕೆ ಸಾಗಿಸಿ, 1832ರ ಜನವರಿಯಲ್ಲಿ ಬುದ್ಧಿ ಕಲಕಿದ ಸ್ಥಿತಿಯಲ್ಲಿ ತೀರಿಕೊಂಡ. ಹನ್ನೆರಡು ವರ್ಷದ ಹರ್ಮನ್ ಶಾಲೆ ಬಿಟ್ಟು ಬ್ಯಾಂಕಿನಲ್ಲಿ ಗುಮಾಸ್ತನಾದ. ಮುಂದೆ ಅಣ್ಣನ ತುಪ್ಪಳದ ಅಂಗಡಿಯಲ್ಲಿ, ದೊಡ್ಡಪ್ಪನ ಹೊಲದಲ್ಲಿ, ಹಳ್ಳಿಯ ಶಾಲೆಯಲ್ಲಿ ಕೆಲಸ ಮಾಡಿದ. ಮನೆತನದ ಹೆಮ್ಮೆ ಮತ್ತು ಮನೆಯ ಬಡತನ ಒಟ್ಟಿಗೇ ಇದ್ದ ಈ ಬಾಲ್ಯದಿಂದಲೇ ಈತನ ಕೃತಿಗಳಿಗೆ ತಂದೆಯಿಲ್ಲದ ನಾಯಕರು ಬಂದರು. 1839ರಲ್ಲಿ 'ಸೇಂಟ್ ಲಾರೆನ್ಸ್' ಎಂಬ ಸರಕು ಹಡಗಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿಗೆ ಹೋಗಿಬಂದ ಅನುಭವವನ್ನು ಹತ್ತು ವರ್ಷಗಳ ನಂತರ 'ರೆಡ್‌ಬರ್ನ್' ಕಾದಂಬರಿಯಾಗಿಸಿದಾಗ, ಅದರ ಹುಡುಗ ಸತ್ತ ತಂದೆಯ ಹಳೆಯ ಮಾರ್ಗದರ್ಶಿ ಪುಸ್ತಕವನ್ನು ಕೈಯಲ್ಲಿ ಹಿಡಿದು ಊರು ಸುತ್ತುತ್ತಾನೆ. ಪುಸ್ತಕ ತೋರಿಸುವ ಬೀದಿಗಳು ಊರಿನಲ್ಲಿ ಇಲ್ಲ. ಬರೆದಿಟ್ಟದ್ದಕ್ಕೂ ಲೋಕಕ್ಕೂ ಹೊಂದಿಕೆಯಾಗದ ಈ ಸನ್ನಿವೇಶ ಮೆಲ್ವಿಲ್‌ನ ಮುಂದಿನ ಕೃತಿಗಳಲ್ಲಿ ಹಲವು ವೇಷಗಳಲ್ಲಿ ಮರಳಿ ಬರುತ್ತದೆ.

1841ರ ಜನವರಿ 3ರಂದು ಮೆಲ್ವಿಲ್ ಮ್ಯಾಸಚೂಸೆಟ್ಸ್ ಕರಾವಳಿಯ ಫೇರ್‌ಹೇವನ್‌ನಿಂದ 'ಅಕುಶ್ನೆಟ್' ಎಂಬ ತಿಮಿಂಗಿಲಬೇಟೆಯ ಹಡಗು ಹತ್ತಿದ. ನೆಲದೆಣ್ಣೆ ಬಳಕೆಗೆ ಬರುವ ಮುಂಚಿನ ಆ ಕಾಲದಲ್ಲಿ ಮನೆಯ ದೀಪಕ್ಕೂ ಕಾರ್ಖಾನೆಯ ಯಂತ್ರಕ್ಕೂ ಬೇಕಾದ ಎಣ್ಣೆ ತಿಮಿಂಗಿಲದ ಕೊಬ್ಬಿನಿಂದ ಬರುತ್ತಿತ್ತು. ಸ್ಪರ್ಮ್ ತಿಮಿಂಗಿಲದ ತಲೆಯಲ್ಲಿ ಸಿಗುವ ಮೇಣದಂಥ ಪದಾರ್ಥದಿಂದ ಮಾಡಿದ ಮೇಣದಬತ್ತಿಗೆ ವಿಶೇಷ ಬೆಲೆಯಿತ್ತು. ಹತ್ತಿರದ ನ್ಯೂ ಬೆಡ್‌ಫರ್ಡ್ ಈ ಉದ್ಯಮದ ರಾಜಧಾನಿ. ನಾವಿಕರಿಗೆ ಸಂಬಳವಿರಲಿಲ್ಲ, ಮೂರು ನಾಲ್ಕು ವರ್ಷಗಳ ಯಾನದ ಕೊನೆಯಲ್ಲಿ ಬಂದ ಲಾಭದಲ್ಲಿ 'ಲೇ' ಎಂಬ ಪಾಲು ಸಿಗುತ್ತಿತ್ತು, ಹೊಸಬರಿಗೆ ಆ ಪಾಲು ನೂರಾರರಲ್ಲಿ ಒಂದಷ್ಟೇ. ಮೆಲ್ವಿಲ್ ಈ ಬದುಕನ್ನು ಹದಿನೆಂಟು ತಿಂಗಳು ಸಹಿಸಿ, 1842ರ ಜುಲೈಯಲ್ಲಿ ಶಾಂತಸಾಗರದ ಮಾರ್ಕ್ವೆಸಸ್ ದ್ವೀಪಸಮೂಹದ ನುಕು ಹಿವಾದಲ್ಲಿ ರಿಚರ್ಡ್ ಟೋಬಿಯಸ್ ಗ್ರೀನ್ ಎಂಬ ಜೊತೆಗಾರನೊಡನೆ ಹಡಗಿನಿಂದ ಓಡಿಹೋದ. ಫ್ರೆಂಚರು ಆಗಷ್ಟೇ ಆ ದ್ವೀಪಗಳನ್ನು ವಶಪಡಿಸಿಕೊಳ್ಳುತ್ತಿದ್ದರು. ನರಭಕ್ಷಕರೆಂದು ನಾವಿಕರು ಹೆದರುತ್ತಿದ್ದ ತೈಪಿ ಜನರ ಕಣಿವೆಯಲ್ಲಿ ಈತ ಕೆಲವು ವಾರ ಇದ್ದ. ಅಲ್ಲಿಂದ ಆಸ್ಟ್ರೇಲಿಯದ 'ಲೂಸಿ ಆನ್' ಹಡಗು, ಅದರಲ್ಲಿ ಕೆಲಸ ಮಾಡಲು ನಿರಾಕರಿಸಿದವರ ಜೊತೆ ಸೇರಿದ್ದಕ್ಕೆ ತಾಹಿತಿಯಲ್ಲಿ ಸೆರೆ, ಮತ್ತೊಂದು ಬೇಟೆ ಹಡಗು, ಹವಾಯಿ, ಕೊನೆಗೆ 1843ರ ಆಗಸ್ಟ್‌ನಿಂದ ಅಮೆರಿಕದ ನೌಕಾಪಡೆಯ 'ಯುನೈಟೆಡ್ ಸ್ಟೇಟ್ಸ್' ಎಂಬ ಯುದ್ಧನೌಕೆಯಲ್ಲಿ ಸಾಮಾನ್ಯ ನಾವಿಕನ ಕೆಲಸ. 1844ರ ಅಕ್ಟೋಬರ್‌ನಲ್ಲಿ ಬಾಸ್ಟನ್‌ನಲ್ಲಿ ಇಳಿದಾಗ ಇಪ್ಪತ್ತೈದು ವಯಸ್ಸಿನ ಈತನ ಬಳಿ ಇದ್ದದ್ದು ಹೇಳಲು ಕಥೆಗಳಷ್ಟೇ.

ಮೊದಲ ಪುಸ್ತಕ 'ಟೈಪೀ' 1846ರಲ್ಲಿ ಲಂಡನ್ ಮತ್ತು ನ್ಯೂಯಾರ್ಕ್‌ಗಳಲ್ಲಿ ಪ್ರಕಟವಾಯಿತು. ಕೆಲವು ವಾರಗಳ ವಾಸವನ್ನು ನಾಲ್ಕು ತಿಂಗಳಿಗೆ ಹಿಗ್ಗಿಸಿ, ಓದಿದ ಪ್ರವಾಸ ಗ್ರಂಥಗಳಿಂದ ವಿವರಗಳನ್ನು ಧಾರಾಳವಾಗಿ ಎತ್ತಿಕೊಂಡ ಈ ಕೃತಿಯನ್ನು ಕೆಲವರು ಕಟ್ಟುಕಥೆಯೆಂದು ಶಂಕಿಸಿದರು; ಕಣ್ಮರೆಯಾಗಿದ್ದ ಗ್ರೀನ್ ಬಫಲೋ ಊರಿನಲ್ಲಿ ಪ್ರತ್ಯಕ್ಷನಾಗಿ ಸಾಕ್ಷಿ ನುಡಿದ. ಆದರೆ ಪುಸ್ತಕದ ನಿಜವಾದ ತಕರಾರು ಇದ್ದದ್ದು ಬೇರೆಡೆ. ದ್ವೀಪವಾಸಿಗಳನ್ನು ಅನಾಗರಿಕರೆನ್ನುವವರೇ ಬಂದೂಕು, ರೋಗ, ಧರ್ಮಪ್ರಚಾರಗಳಿಂದ ಅವರನ್ನು ನಾಶ ಮಾಡುತ್ತಿದ್ದಾರೆಂದು ಅದು ಹೇಳಿತ್ತು. ಮಿಷನರಿಗಳ ಬಗ್ಗೆ ಬರೆದಿದ್ದ ಭಾಗಗಳನ್ನು ಅಮೆರಿಕದ ಪರಿಷ್ಕೃತ ಆವೃತ್ತಿಯಲ್ಲಿ ಕತ್ತರಿಸಬೇಕಾಯಿತು. ತೈಪಿ ಕಣಿವೆಯೇನೂ ಸ್ವರ್ಗವಲ್ಲ: ನಿರೂಪಕನಿಗೆ ಅಲ್ಲಿ ಉಪಚಾರವಿದೆ, ಪ್ರೀತಿಯಿದೆ, ಹೊರಗೆ ಹೋಗುವ ಅನುಮತಿ ಮಾತ್ರ ಇಲ್ಲ. ತಾಹಿತಿಯ ದಿನಗಳನ್ನು ಹೇಳುವ 'ಓಮೂ' (1847) ಹಗುರವಾದ ಕೃತಿ. ಅದೇ ವರ್ಷ ಮೆಲ್ವಿಲ್ ಮ್ಯಾಸಚೂಸೆಟ್ಸ್‌ನ ಮುಖ್ಯ ನ್ಯಾಯಾಧೀಶ ಲೆಮ್ಯುಯೆಲ್ ಶಾ ಅವರ ಮಗಳು ಎಲಿಜಬೆತ್‌ಳನ್ನು ಮದುವೆಯಾದ. ಪ್ರವಾಸ ಕಥನದಿಂದ ತತ್ತ್ವರೂಪಕಕ್ಕೆ ಹಾರಿದ 'ಮಾರ್ಡಿ' (1849) ಓದುಗರನ್ನು ಗೊಂದಲಕ್ಕೆ ತಳ್ಳಿ ಸೋತಿತು. ಹಣಕ್ಕಾಗಿ ಬೇಗ ಬೇಗ ಬರೆದ 'ರೆಡ್‌ಬರ್ನ್' ಮತ್ತು 'ವೈಟ್ ಜಾಕೆಟ್' ಅದಕ್ಕಿಂತ ಗಟ್ಟಿಯಾಗಿವೆ ಎಂಬುದು ಲೇಖಕನಿಗೆ ಒಪ್ಪಿಗೆಯಾಗದ ಸತ್ಯ. ಯುದ್ಧನೌಕೆಯ ಜೀವನವನ್ನು ಚಿತ್ರಿಸುವ 'ವೈಟ್ ಜಾಕೆಟ್' (1850) ನಾವಿಕರ ಬೆನ್ನಿಗೆ ಬೀಳುತ್ತಿದ್ದ ಚಾವಟಿಯೇಟಿನ ಶಿಕ್ಷೆಯನ್ನು, ಪ್ರಜಾಪ್ರಭುತ್ವದ ದೇಶವೊಂದು ತನ್ನ ಹಡಗುಗಳಲ್ಲಿ ದೊರೆತನವನ್ನು ಸಾಕಿಕೊಂಡಿರುವುದಕ್ಕೆ ಪುರಾವೆಯಾಗಿ ಮುಂದಿಡುತ್ತದೆ. ಅದೇ ವರ್ಷ ಅಮೆರಿಕದ ಸಂಸತ್ತು ಆ ಶಿಕ್ಷೆಯನ್ನು ರದ್ದುಮಾಡಿತು. ಆದರೆ ಅದರ ವಿರುದ್ಧದ ಚಳವಳಿ ಮೊದಲೇ ನಡೆದಿತ್ತಾಗಿ ಪುಸ್ತಕದಿಂದಲೇ ಕಾನೂನು ಬದಲಾಯಿತೆಂಬ ಮಾತನ್ನು ಹಾಗೆಯೇ ಒಪ್ಪಲಾಗದು.

1850ರ ಆಗಸ್ಟ್ 5ರಂದು ಬರ್ಕ್‌ಷೈರ್ ಬೆಟ್ಟಗಳಲ್ಲಿ ನಡೆದ ವನಭೋಜನವೊಂದರಲ್ಲಿ ಮೆಲ್ವಿಲ್‌ಗೆ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್‌ನ ಪರಿಚಯವಾಯಿತು. ತನಗಿಂತ ಹದಿನೈದು ವರ್ಷ ಹಿರಿಯನಾದ ಹಾಥಾರ್ನ್‌ನ ಕಥೆಗಳಲ್ಲಿದ್ದ ಕತ್ತಲೆಯನ್ನು ಮೆಚ್ಚಿ ಲೇಖನ ಬರೆದ ಮೆಲ್ವಿಲ್, ಮಾವನಿಂದ ಸಾಲ ಪಡೆದು ಹತ್ತಿರದ ಪಿಟ್ಸ್‌ಫೀಲ್ಡ್‌ನಲ್ಲಿ 'ಆರೋಹೆಡ್' ಎಂಬ ತೋಟದ ಮನೆ ಕೊಂಡು, ಬರೆಯುತ್ತಿದ್ದ ತಿಮಿಂಗಿಲದ ಪುಸ್ತಕಕ್ಕೆ ಅಲ್ಲಿಯೇ ಕೊನೆಯ ರೂಪ ಕೊಟ್ಟ. ಅದನ್ನು ಅರ್ಪಿಸಿದ್ದೂ ಹಾಥಾರ್ನ್‌ಗೆ.

'ಮೋಬಿ ಡಿಕ್' 1851ರ ಅಕ್ಟೋಬರ್‌ನಲ್ಲಿ ಲಂಡನ್‌ನಲ್ಲಿಯೂ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿಯೂ ಹೊರಬಂದಿತು. ಹಿಂದಿನ ಯಾನದಲ್ಲಿ ತನ್ನ ಕಾಲನ್ನು ಕಡಿದ ಬಿಳಿ ತಿಮಿಂಗಿಲದ ಮೇಲೆ ಸೇಡು ತೀರಿಸಿಕೊಳ್ಳಲು ನಾಯಕ ಏಹಬ್ 'ಪೀಕ್ವಾಡ್' ಹಡಗನ್ನೂ ಅದರ ಜನರನ್ನೂ ಬಲಿಗೊಡುವುದು ಅದರ ಕಥೆ; ಉಳಿದು ಹೇಳುವವನು ಇಷ್ಮೇಲ್. ಕಥೆಯ ಬೇರು ವಾಸ್ತವದಲ್ಲಿದೆ: 1820ರ ನವೆಂಬರ್ 20ರಂದು ಶಾಂತಸಾಗರದ ನಡುವೆ 'ಎಸೆಕ್ಸ್' ಹಡಗನ್ನು ಸ್ಪರ್ಮ್ ತಿಮಿಂಗಿಲವೊಂದು ಗುದ್ದಿ ಮುಳುಗಿಸಿತ್ತು, ಬದುಕುಳಿದ ಓವೆನ್ ಚೇಸ್ ಬರೆದ ವೃತ್ತಾಂತವನ್ನು ಮೆಲ್ವಿಲ್ ತನ್ನ ಬೇಟೆಯ ದಿನಗಳಲ್ಲಿಯೇ ಓದಿದ್ದ, ಚಿಲಿಯ ಕರಾವಳಿಯಲ್ಲಿ 'ಮೋಚಾ ಡಿಕ್' ಎಂದು ಹೆಸರು ಪಡೆದಿದ್ದ ಬಿಳಿ ತಿಮಿಂಗಿಲದ ಬಗ್ಗೆ 1839ರಲ್ಲಿ ನಿಯತಕಾಲಿಕವೊಂದರಲ್ಲಿ ಲೇಖನ ಬಂದಿತ್ತು. ಆದರೆ 135 ಅಧ್ಯಾಯಗಳ ಈ ಗ್ರಂಥದಲ್ಲಿ ಬೇಟೆಯ ಕಥೆ ಹಲವು ಕಡೆ ನಿಂತು, ತಿಮಿಂಗಿಲಗಳ ವರ್ಗೀಕರಣ, ಕೊಬ್ಬು ಕುದಿಸುವ ಒಲೆ, ಹಗ್ಗದ ಸುರುಳಿ, ತಿಮಿಂಗಿಲದ ಚರ್ಮ, ಬಿಳಿಯ ಬಣ್ಣ ಹುಟ್ಟಿಸುವ ಭಯ ಇಂಥವುಗಳ ವಿವರಣೆಗೆ ದಾರಿ ಬಿಡುತ್ತದೆ. ಅವಸರದ ಓದುಗರು ಹಾರಿಸಿಬಿಡುವ ಈ ಅಧ್ಯಾಯಗಳಲ್ಲಿಯೇ ಕಾದಂಬರಿಯ ವಾದವಿದೆ. ಇಷ್ಮೇಲ್ ತಿಮಿಂಗಿಲವನ್ನು ಅಳೆಯುತ್ತಾನೆ, ಹೋಳುಮಾಡಿ ನೋಡುತ್ತಾನೆ, ಗ್ರಂಥಾಲಯಗಳನ್ನು ಜಾಲಾಡುತ್ತಾನೆ. ಪ್ರತಿ ಸಲವೂ ಪ್ರಾಣಿ ವಿವರಣೆಯ ಆಚೆ ಉಳಿಯುತ್ತದೆ. ಏಹಬ್ ಪಟಸ್ತಂಭಕ್ಕೆ ಹೊಡೆದಿಟ್ಟ ಚಿನ್ನದ ನಾಣ್ಯವನ್ನು ಹಡಗಿನವರು ಒಬ್ಬೊಬ್ಬರಾಗಿ ಬಂದು ದಿಟ್ಟಿಸಿದಾಗ ಪ್ರತಿಯೊಬ್ಬನೂ ಅದರಲ್ಲಿ ತನ್ನನ್ನೇ ಓದಿಕೊಳ್ಳುತ್ತಾನೆ. ಏಹಬ್‌ನ ದುರಂತವೆಂದರೆ ಇಂಥ ಅನಿಶ್ಚಿತತೆಯನ್ನು ಅವನು ತಾಳಲಾರ. ಲೋಕದ ಕೇಡೆಲ್ಲ ಒಂದೇ ಪ್ರಾಣಿಯಲ್ಲಿ ಮೈತಾಳಿದೆಯೆಂದು ನಿಶ್ಚಯಿಸಿಕೊಂಡ ಮೇಲೆ ಅವನಿಗೆ ಕೊಲ್ಲುವ ದಾರಿಯೊಂದೇ ಕಾಣುತ್ತದೆ.

ಇಷ್ಟೇ ಮುಖ್ಯವಾದುದು ಹಡಗಿನ ರಾಜಕೀಯ. ಶಾಂತಸಾಗರದ ದ್ವೀಪವಾಸಿ ಕ್ವೀಕ್ವೆಗ್, ಅಮೆರಿಕದ ಮೂಲನಿವಾಸಿ ಟಾಷ್ಟೆಗೊ, ಆಫ್ರಿಕದ ಡಗ್ಗು, ಕಪ್ಪು ಹುಡುಗ ಪಿಪ್ ಮೊದಲಾದ ಅನೇಕ ನಾಡುಗಳ ದುಡಿಮೆಗಾರರು ಲಾಭಕ್ಕಾಗಿ ಹೊರಟ ಯಾನವನ್ನು ಒಬ್ಬನ ದ್ವೇಷಕ್ಕೆ ತಿರುಗಿಸಲು ಹರ್ಷೋದ್ಗಾರದೊಡನೆ ಒಪ್ಪುತ್ತಾರೆ. ಮೂಕಪ್ರಾಣಿಯ ಮೇಲೆ ಸೇಡೇಕೆ, ಅದರಿಂದ ಬರುವ ಎಣ್ಣೆಯೆಷ್ಟು ಎಂದು ಕೇಳುವವನು ಉಪನಾಯಕ ಸ್ಟಾರ್‌ಬಕ್ ಒಬ್ಬನೇ. ಅವನ ವಿವೇಕಕ್ಕೆ ಬಂಡಾಯದ ಧೈರ್ಯ ಸಾಲುವುದಿಲ್ಲ. ಭಾರತವೂ ಈ ಪುಸ್ತಕದೊಳಗಿದೆ. ತಿಮಿಂಗಿಲದ ತಪ್ಪು ಚಿತ್ರಗಳನ್ನು ಪಟ್ಟಿಮಾಡುವ ಅಧ್ಯಾಯವು ಎಲಿಫೆಂಟಾ ಗುಹೆಯ ಶಿಲ್ಪವೊಂದನ್ನು ಮತ್ಸ್ಯಾವತಾರವೆಂದು ಹೇಳಿ ಅದರ ಬಾಲ ಸರಿಯಿಲ್ಲವೆಂದು ಆಕ್ಷೇಪಿಸುತ್ತದೆ, ಇನ್ನೊಂದು ಅಧ್ಯಾಯವು ವಿಷ್ಣುವನ್ನೇ ತಿಮಿಂಗಿಲಬೇಟೆಗಾರರ ಸಂಘಕ್ಕೆ ಸೇರಿಸಿಕೊಳ್ಳುತ್ತದೆ. ತಮಾಷೆ ಸೊಗಸಾಗಿದೆ, ಏಹಬ್‌ನ ನೆರಳಾಗಿ ಸುಳಿಯುವ ಪಾರ್ಸಿ ಫೆದಲ್ಲಾನ ಚಿತ್ರಣಕ್ಕೆ ಮಾತ್ರ ನಿಜವಾದ ಪಾರ್ಸಿಗಳ ಬದುಕಿನೊಡನೆ ಹೆಚ್ಚಿನ ಸಂಬಂಧವಿಲ್ಲ.

ಲಂಡನ್ ಆವೃತ್ತಿಯಲ್ಲಿ ಇಷ್ಮೇಲ್ ಬದುಕುಳಿದದ್ದನ್ನು ಹೇಳುವ ಉಪಸಂಹಾರ ಬಿಟ್ಟುಹೋಗಿತ್ತು. ಎಲ್ಲರೂ ಮುಳುಗಿದ ಮೇಲೆ ಕಥೆ ಹೇಳಿದವರಾರೆಂದು ಅಲ್ಲಿನ ವಿಮರ್ಶಕರು ಕೇಳಿದ್ದು ಸಹಜ. ಲೇಖಕನ ಜೀವಿತಾವಧಿಯಲ್ಲಿ ಪುಸ್ತಕದ ಸುಮಾರು ಮೂರು ಸಾವಿರ ಪ್ರತಿಗಳಷ್ಟೇ ಮಾರಾಟವಾದವು. ಮರುವರ್ಷದ 'ಪಿಯರ್' ಕಾದಂಬರಿಯನ್ನು ಪತ್ರಿಕೆಗಳು ತೆಗಳಿದವು, ಒಂದು ಪತ್ರಿಕೆ ಮೆಲ್ವಿಲ್‌ಗೆ ಹುಚ್ಚು ಹಿಡಿದಿದೆಯೆಂದು ತಲೆಬರಹವನ್ನೇ ಕೊಟ್ಟಿತು. ಬಳಿಕ ನಿಯತಕಾಲಿಕಗಳಿಗೆ ಬರೆದ ಕಥೆಗಳು ಈತನ ಅತ್ಯುತ್ತಮ ಗದ್ಯದ ಸಾಲಿಗೆ ಸೇರುತ್ತವೆ. 'ಬಾರ್ಟಲ್‌ಬೀ' (1853) ಕಥೆಯಲ್ಲಿ ವಾಲ್ ಸ್ಟ್ರೀಟಿನ ವಕೀಲನ ಕಚೇರಿಯ ನಕಲುಗಾರನೊಬ್ಬ ಒಂದೊಂದೇ ಕೆಲಸವನ್ನು ಮೃದುವಾಗಿ ನಿರಾಕರಿಸುತ್ತ, ಕೊನೆಗೆ ಜಾಗ ಬಿಡುವುದನ್ನೂ ಉಣ್ಣುವುದನ್ನೂ ನಿರಾಕರಿಸಿ ಸೆರೆಮನೆಯಲ್ಲಿ ಸಾಯುತ್ತಾನೆ. ಯಜಮಾನನಾದ ನಿರೂಪಕ ದಯಾಳು, ಆದರೆ ಅವನ ದಯೆಗೆ ಎದುರಿನವನು ಯಾರೆಂಬುದು ತಿಳಿಯುವುದೇ ಇಲ್ಲ.

'ಬೆನಿಟೊ ಸೆರೆನೊ' (1855) ಇದೇ ಕುರುಡನ್ನು ಇತಿಹಾಸಕ್ಕೆ ವಿಸ್ತರಿಸುತ್ತದೆ. ಅಮೆರಿಕದ ನಾವಿಕ ಅಮಾಸಾ ಡೆಲಾನೊ 1805ರಲ್ಲಿ ಚಿಲಿಯ ಬಳಿ ಕಂಡ ಸ್ಪೇನಿನ ಹಡಗೊಂದರ ಬಗ್ಗೆ ತನ್ನ ಗ್ರಂಥದಲ್ಲಿ ಬರೆದಿದ್ದ. ಗುಲಾಮರು ದಂಗೆಯೆದ್ದು ಹಡಗನ್ನು ಹಿಡಿದಿದ್ದರು. ಹೊರಗಿನವನು ಬಂದಾಗ ವಿಧೇಯ ಗುಲಾಮರಂತೆ ನಟಿಸಿದರು. ಮೆಲ್ವಿಲ್ ಇಡೀ ಕಥೆಯನ್ನು ಡೆಲಾನೊನ ಕಣ್ಣಿಗೆ ಕಟ್ಟಿಹಾಕುತ್ತಾನೆ. ಕಪ್ಪು ಜನರು ಸ್ವಭಾವತಃ ಸೇವೆಗೆ ಹುಟ್ಟಿದವರೆಂದು ನಂಬಿದ ಆ ಒಳ್ಳೆಯ ಮನುಷ್ಯನಿಗೆ, ಸ್ಪೇನಿನ ನಾಯಕನ ಗಡ್ಡ ಬೋಳಿಸುತ್ತಿರುವ ಗುಲಾಮ ಬಾಬೊನ ಕತ್ತಿ ಅದೇ ನಾಯಕನ ಕುತ್ತಿಗೆಯ ಮೇಲಿದೆಯೆಂಬುದು ಕಾಣುವುದಿಲ್ಲ, ಮತ್ತು ಮೊದಲ ಓದಿನಲ್ಲಿ ಓದುಗನೂ ಅವನ ಜೊತೆಗೆ ಮೋಸಹೋಗುತ್ತಾನೆ. ಗುಲಾಮಗಿರಿಯ ಪ್ರಶ್ನೆ ಮೆಲ್ವಿಲ್‌ನ ಮನೆಯಲ್ಲಿಯೂ ಇತ್ತು: ಗುಲಾಮಗಿರಿಯನ್ನು ಮೆಚ್ಚದ ಮಾವ ಶಾ, 1851ರಲ್ಲಿ ತಪ್ಪಿಸಿಕೊಂಡು ಬಾಸ್ಟನ್‌ಗೆ ಬಂದಿದ್ದ ಥಾಮಸ್ ಸಿಮ್ಸ್‌ನ ಮೊಕದ್ದಮೆಯಲ್ಲಿ, ಓಡಿಹೋದ ಗುಲಾಮರನ್ನು ಒಡೆಯರಿಗೆ ಒಪ್ಪಿಸುವ ಕಾನೂನನ್ನು ಎತ್ತಿಹಿಡಿದ.

ಮಿಸಿಸಿಪ್ಪಿ ನದಿಯ ಆವಿಹಡಗಿನಲ್ಲಿ ಮೂರ್ಖರ ದಿನದಂದು ನಡೆಯುವ, ಅದೇ ದಿನ ಪ್ರಕಟವಾದ 'ದಿ ಕಾನ್ಫಿಡೆನ್ಸ್ ಮ್ಯಾನ್' (1857) ಮೆಲ್ವಿಲ್ ಬದುಕಿದ್ದಾಗ ಹೊರಬಂದ ಕೊನೆಯ ಕಾದಂಬರಿ. ಮೂರು ವರ್ಷ ಉಪನ್ಯಾಸ ಕೊಟ್ಟುಕೊಂಡು ತಿರುಗಿದ ಈತ, ಅಂತರ್ಯುದ್ಧವನ್ನು ಕುರಿತ ಕವಿತೆಗಳ ಸಂಕಲನ ಹೊರತಂದ 1866ರಲ್ಲಿಯೇ ನ್ಯೂಯಾರ್ಕ್ ಬಂದರಿನಲ್ಲಿ ಸುಂಕದ ತನಿಖಾಧಿಕಾರಿಯಾಗಿ, ದಿನಕ್ಕೆ ನಾಲ್ಕು ಡಾಲರಿನ ಆ ಕೆಲಸವನ್ನು 19 ವರ್ಷ ಮಾಡಿದ. 1867ರಲ್ಲಿ ಹಿರಿಯ ಮಗ ಮಾಲ್ಕಮ್ ಹದಿನೆಂಟರ ವಯಸ್ಸಿನಲ್ಲಿ ಗುಂಡು ಹಾರಿಸಿಕೊಂಡು ಸತ್ತ. ಪವಿತ್ರ ಭೂಮಿಯ ಯಾತ್ರೆಯನ್ನೂ ನಂಬಿಕೆಯ ತೊಳಲಾಟವನ್ನೂ ಹೇಳುವ, ಸುಮಾರು 18,000 ಸಾಲುಗಳ 'ಕ್ಲಾರೆಲ್' (1876) ಕಾವ್ಯ ಬಂಧುವಿನ ಹಣದಿಂದ ಅಚ್ಚಾಗಿ, ಮಾರಾಟವಾಗದ ಪ್ರತಿಗಳು ರದ್ದಿಯಾದವು. 1891ರ ಸೆಪ್ಟೆಂಬರ್ 28ರಂದು ಮೆಲ್ವಿಲ್ ನ್ಯೂಯಾರ್ಕ್‌ನಲ್ಲಿ ತೀರಿಕೊಂಡ.

ಈತನ ಕಾಗದಗಳ ನಡುವೆ 'ಬಿಲ್ಲಿ ಬಡ್' ಎಂಬ ಅಪೂರ್ಣ ನೀಳ್ಗತೆಯ ಹಸ್ತಪ್ರತಿ ಉಳಿದಿತ್ತು. 1919ರಲ್ಲಿ ಜೀವನಚರಿತ್ರೆ ಬರೆಯಲು ಹೊರಟ ರೇಮಂಡ್ ವೀವರ್‌ಗೆ ಅದನ್ನು ಮೆಲ್ವಿಲ್‌ನ ಮೊಮ್ಮಗಳು ತೋರಿಸಿದಳು. 1921ರಲ್ಲಿ ಜೀವನಚರಿತ್ರೆ, 1924ರಲ್ಲಿ ಕಥೆ ಪ್ರಕಟವಾದವು, ನಡುವೆ 1923ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಡಿ. ಎಚ್. ಲಾರೆನ್ಸ್‌ನ ವಿಮರ್ಶೆಯೂ ಬಂದು ಮೆಲ್ವಿಲ್‌ನ ಮರುಶೋಧ ಆರಂಭವಾಯಿತು. ಮುಂದೆ ಲೇಖಕ ಸಿ. ಎಲ್. ಆರ್. ಜೇಮ್ಸ್ ಅಮೆರಿಕದ ಎಲಿಸ್ ದ್ವೀಪದಲ್ಲಿ ಬಂಧನದಲ್ಲಿದ್ದಾಗ ಬರೆದು 1953ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಏಹಬ್‌ನಲ್ಲಿ ಇಪ್ಪತ್ತನೆಯ ಶತಮಾನದ ಸರ್ವಾಧಿಕಾರಿಯನ್ನು ಗುರುತಿಸಿ, ಕಾದಂಬರಿಯ ಗಮನವನ್ನು ನಾಯಕನಿಂದ ದುಡಿಮೆಗಾರರ ಕಡೆಗೆ ತಿರುಗಿಸಿದ.

'ಬಿಲ್ಲಿ ಬಡ್' ನಡೆಯುವುದು 1797ರಲ್ಲಿ, ಬ್ರಿಟಿಷ್ ನೌಕಾಪಡೆಯ ದೊಡ್ಡ ದಂಗೆಗಳ ಬೆನ್ನಿಗೆ. 'ಮನುಷ್ಯನ ಹಕ್ಕುಗಳು' ಎಂಬ ಹೆಸರಿನ ವ್ಯಾಪಾರಿ ಹಡಗಿನಿಂದ ಬಲವಂತವಾಗಿ ಯುದ್ಧನೌಕೆಗೆ ಎಳೆತಂದ ಮುಗ್ಧ ಬಿಲ್ಲಿಯ ಮೇಲೆ ಕ್ಲಾಗರ್ಟ್ ಎಂಬ ಅಧಿಕಾರಿ ಸುಳ್ಳು ಆರೋಪ ಹೊರಿಸುತ್ತಾನೆ. ಉಗ್ಗುವ ನಾಲಿಗೆ ಹೊರಳದೆ ಬಿಲ್ಲಿ ಹೊಡೆದ ಒಂದೇ ಏಟಿಗೆ ಅವನು ಸಾಯುತ್ತಾನೆ. ಬಿಲ್ಲಿಯ ನಿಷ್ಕಳಂಕ ಮನಸ್ಸನ್ನು ಅರಿತ ನಾಯಕ ವೀರ್, ಕಾನೂನಿನ ಹೆಸರಿನಲ್ಲಿ ಅವನನ್ನು ಗಲ್ಲಿಗೇರಿಸುತ್ತಾನೆ. 1842ರಲ್ಲಿ ಅಮೆರಿಕದ 'ಸೋಮರ್ಸ್' ನೌಕೆಯಲ್ಲಿ ದಂಗೆಯ ಶಂಕೆಯ ಮೇಲೆ ಮೂವರನ್ನು ಗಲ್ಲಿಗೇರಿಸಿದಾಗ ಮೆಲ್ವಿಲ್‌ನ ಸೋದರಸಂಬಂಧಿ ಗರ್ಟ್ ಗಾನ್ಸ್‌ವೂರ್ಟ್ ಆ ನೌಕೆಯ ಅಧಿಕಾರಿಯಾಗಿದ್ದ. ಕಥೆ ಆ ಪ್ರಸಂಗವನ್ನು ಹೆಸರಿಸಿಯೇ ನೆನೆಯುತ್ತದೆ. ಸಾಯುವ ಮುನ್ನ ಮೆಲ್ವಿಲ್ ಅಧಿಕಾರದೊಡನೆ ರಾಜಿಯಾದನೆಂದು ಕೆಲವು ವಿಮರ್ಶಕರೂ, ವೀರ್‌ನ ತರ್ಕವನ್ನೇ ವ್ಯಂಗ್ಯಕ್ಕೆ ಗುರಿಮಾಡಿದನೆಂದು ಇನ್ನು ಕೆಲವರೂ ವಾದಿಸಿದ್ದಾರೆ. 1962ರಲ್ಲಿ ಹೇಫರ್ಡ್ ಮತ್ತು ಸೀಲ್ಟ್ಸ್ ಎಂಬ ವಿದ್ವಾಂಸರು ಹಸ್ತಪ್ರತಿಯ ಹಾಳೆಗಳನ್ನು ಬರೆದ ಕ್ರಮದಲ್ಲಿ ಜೋಡಿಸಿ ಪ್ರಕಟಿಸಿದ ಪಾಠವು ತೋರಿಸಿಕೊಟ್ಟಂತೆ, ಮೊದಲು ಸಾವಿಗೆ ಕಾಯುವ ನಾವಿಕನ ಕವಿತೆಯಾಗಿ ಹುಟ್ಟಿದ ಈ ಕಥೆಯಲ್ಲಿ ಕ್ಲಾಗರ್ಟ್ ನಂತರ ಸೇರಿದ, ವೀರ್ ಎಲ್ಲರಿಗಿಂತ ಕೊನೆಗೆ ಬೆಳೆದ. ಅವನ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದು ಹಡಗಿನ ವೈದ್ಯ ಶಂಕಿಸುವ ಭಾಗವೂ ಹೀಗೆ ತಡವಾಗಿ ಬಂದು ಸೇರಿದ ತಿದ್ದುಪಡಿಗಳಲ್ಲಿ ಒಂದು.