ಕೂದಲಗೂಡಿನ ಹುಣ್ಣು ಮತ್ತು ಕ್ಷಾರಸೂತ್ರ

ಪೃಷ್ಠಗಳ ನಡುವಿನ ಸೀಳಿನ ಮೇಲ್ತುದಿಯಲ್ಲಿ ಉದುರಿದ ಕೂದಲು ಚರ್ಮದೊಳಕ್ಕೆ ಚುಚ್ಚಿ, ಅಲ್ಲಿ ಕೊಳವೆಯಂತಹ ದಾರಿ ಮಾಡಿಕೊಂಡು, ಮತ್ತೆ ಮತ್ತೆ ಕೀವು ಸೋರುವ ವ್ಯಾಧಿಗೆ 1880ರಲ್ಲಿ ಬಾಸ್ಟನ್ನಿನ ವೈದ್ಯ ಹಾಡ್ಜಸ್ ಪೈಲೊನಿಡಲ್ ಸೈನಸ್, ಅಂದರೆ ಕೂದಲಗೂಡಿನ ನಾಳ, ಎಂಬ ಹೆಸರನ್ನಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ಸುಮಾರು 80,000 ಅಮೆರಿಕನ್ ಸೈನಿಕರು ಇದರಿಂದ ಆಸ್ಪತ್ರೆ ಸೇರಿದಾಗ, 1944ರಲ್ಲಿ ವೈದ್ಯ ಬ್ಯೂಯಿ ಇದನ್ನು ‘ಜೀಪ್ ರೋಗ’ವೆಂದು ಕರೆದರು. ಇದು ಹುಟ್ಟಿನಿಂದಲೇ ಬರುವ ದೋಷವೆಂದು ನಂಬಿದ್ದ ಅಂದಿನ ಶಸ್ತ್ರವೈದ್ಯರು ಮೂಳೆಯವರೆಗೂ ಮಾಂಸವನ್ನು ಕತ್ತರಿಸಿ ತೆಗೆಯುತ್ತಿದ್ದುದರಿಂದ, ರೋಗಕ್ಕಿಂತ ಗಾಯವೇ ದೊಡ್ಡ ಯಾತನೆಯಾಗುತ್ತಿತ್ತು. ಕೂದಲು ಹೊರಗಿನಿಂದ ಒಳಹೊಗುತ್ತದೆಂದು 1946ರಲ್ಲಿ ಪೇಟಿ ಮತ್ತು ಸ್ಕಾರ್ಫ್ ವಾದಿಸಿದ ನಂತರ ಗಾಯ ಕಿರಿದಾಗುತ್ತ ಬಂದಿತು: 1980ರಲ್ಲಿ ಬ್ಯಾಸ್ಕಮ್ ಚರ್ಮದ ಸಣ್ಣ ಕುಳಿಗಳನ್ನಷ್ಟೇ ತೆಗೆಯುವ ಕ್ರಮವನ್ನು ವಿವರಿಸಿದರೆ, ಮುಂದೆ ಇಟಲಿಯ ಮೈನೆರೊ ನಾಳದೊಳಕ್ಕೆ ಅಂತರ್ದರ್ಶಕ ನಳಿಕೆಯನ್ನೇ ತೂರಿಸಿದರು.

ಆದರೆ ಕಡಿಮೆ ಕೊಯ್ಯುವ ಈ ವಿವೇಕ ಭಾರತಕ್ಕೆ ಹೊಸದಲ್ಲ. ಕೀವಿನ ನಾಳವನ್ನು ನಾಡೀವ್ರಣವೆಂದು ಕರೆದ ಸುಶ್ರುತಸಂಹಿತೆ, ಕೃಶರಿಗೂ ದುರ್ಬಲರಿಗೂ ಶಸ್ತ್ರಕ್ಕೆ ಹೆದರುವವರಿಗೂ ಕ್ಷಾರ ಸವರಿದ ನೂಲನ್ನು, ಅಂದರೆ ಕ್ಷಾರಸೂತ್ರವನ್ನು, ಆ ನಾಳದೊಳಗೆ ಪೋಣಿಸುವ ವಿಧಾನವನ್ನು ಹೇಳಿದೆ. ಬಹುಕಾಲ ಮರೆಯಾಗಿದ್ದ ಈ ಕ್ರಮ 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಿ. ಜೆ. ದೇಶಪಾಂಡೆ ಮುಂತಾದವರ ಶ್ರಮದಿಂದ ಮತ್ತೆ ಬಳಕೆಗೆ ಬಂದಿತು. ಅಲ್ಲಿ ರೂಢಿಯಾದ ಕ್ರಮದಂತೆ ನೂಲಿಗೆ ಒಟ್ಟು 21 ಲೇಪ: ಮೊದಲು ಎಲೆಗಳ್ಳಿಯ ಹಾಲು 11 ಸಲ, ಅನಂತರ ಹಾಲಿನೊಡನೆ ಉತ್ತರಾಣಿಯ ಬೂದಿಯಿಂದ ತೆಗೆದ ಕ್ಷಾರ 7 ಸಲ, ಕೊನೆಗೆ ಹಾಲು ಮತ್ತು ಅರಿಸಿನ 3 ಸಲ, ಪ್ರತಿಯೊಂದು ಲೇಪವೂ ಒಣಗಿದ ಮೇಲೆಯೇ ಮುಂದಿನದು. ನಾಳದಲ್ಲಿ ಕಟ್ಟಿದ ನೂಲು ಕೊಳೆತ ಪದರವನ್ನು ನಿಧಾನವಾಗಿ ಕತ್ತರಿಸುತ್ತ, ಕೀವಿಗೆ ಹೊರದಾರಿ ಕೊಡುತ್ತ, ಹಿಂದಿನಿಂದ ಮಾಂಸ ಕೂಡಿಕೊಳ್ಳಲು ಬಿಡುತ್ತದೆ. ವಾರಕ್ಕೊಮ್ಮೆ ಹೊಸ ನೂಲನ್ನು ಹಳೆಯದಕ್ಕೆ ಗಂಟು ಹಾಕಿ ಎಳೆದರಾಯಿತು.

ಋಷ್ಯಶೃಂಗೇಶ್ವರನ ಕ್ಷೇತ್ರವಾದ ಕಿಗ್ಗದಂತಹ ಮಲೆನಾಡಿನ ಊರಿಗೆ ಇದು ದೂರದ ಶಾಸ್ತ್ರವಲ್ಲ. ಉತ್ತರಾಣಿ, ಅರಿಸಿನಗಳು ಮನೆಮಾತಿನ ಹೆಸರುಗಳು, ಆಗುಂಬೆ ಘಾಟಿ ಇಳಿದರೆ ಉಡುಪಿಯಲ್ಲಿ 1958ರಲ್ಲಿ ಸ್ಥಾಪನೆಯಾದ ಆಯುರ್ವೇದ ಕಾಲೇಜಿದೆ. ಅಡಿಕೆ ತೋಟದ ಕೆಲಸಗಾರನಿಗೆ, ತಿಂಗಳುಗಟ್ಟಲೆ ತೆರೆದ ಗಾಯ ಹೊತ್ತು ಮಲಗುವುದಕ್ಕಿಂತ ನಡೆದಾಡಿಕೊಂಡೇ ಗುಣವಾಗುವ ಚಿಕಿತ್ಸೆಯ ಬೆಲೆ ಹೆಚ್ಚು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕ್ಷಾರಸೂತ್ರದಿಂದ ಗುಣವಾಗಲು ಸುಮಾರು 8 ವಾರ, ಶಸ್ತ್ರಕ್ರಿಯೆಯಿಂದ 4 ವಾರ ಹಿಡಿಯಿತು. ರೋಗ ಮರಳಿದ್ದು ಮಾತ್ರ ಕ್ರಮವಾಗಿ ಶೇ. 4 ಮತ್ತು ಶೇ. 11ರಷ್ಟು ಮಂದಿಗೆ. ಆ ಪರೀಕ್ಷೆ ಗುದದ ಬಳಿಯ ನಾಳವಾದ ಭಗಂದರದ ಮೇಲೆ ನಡೆದದ್ದರಿಂದ, ಅದರ ಅಂಕಿಗಳನ್ನು ಕೂದಲಗೂಡಿನ ಹುಣ್ಣಿಗೆ ಹಾಗೆಯೇ ಹೊಂದಿಸುವುದು ಸರಿಯಲ್ಲ.