ಅಲಂಕಾರದ ಹುಲ್ಲಾಗಿ ಭತ್ತ: ನೇರಳೆ ಎಲೆಯ ಚರಿತ್ರೆ

ಧಾರವಾಡದಿಂದ ಅಳ್ನಾವರ, ಲೋಂಡಾ ಕಡೆಗೆ ಹೋಗುವ ರೈಲಿನಲ್ಲಿ ಕುಳಿತರೆ ಸ್ವಲ್ಪ ಹೊತ್ತಿನಲ್ಲೇ ಮುಗದ ಬರುತ್ತದೆ. ಹತ್ತಿ, ಜೋಳದ ಕರಿ ನೆಲ ಹಿಂದೆ ಉಳಿದು ಭತ್ತದ ಗದ್ದೆಗಳು ಕಾಣಿಸಿಕೊಳ್ಳುತ್ತವೆ. ಬಯಲುಸೀಮೆ ಮುಗಿದು ಮಲೆನಾಡು ಆರಂಭವಾಗುವ ಈ ಅಂಚಿನಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತ ಸಂಶೋಧನಾ ಕೇಂದ್ರವಿದೆ. ಊರಿನ ಹೆಸರನ್ನೇ ಹೊತ್ತ 'ಮುಗದ ಸುಗಂಧ' ತಳಿ ಇಲ್ಲಿಂದಲೇ ಬಂದದ್ದು.

ಉದ್ಯಾನದ ಅಲಂಕಾರಿಕ ಹುಲ್ಲುಗಳ ಬಗ್ಗೆ ಬರೆಯುವಾಗ ಭತ್ತದ ಊರಿನಿಂದ ಏಕೆ ಆರಂಭಿಸಬೇಕು? ಭತ್ತವೂ ಹುಲ್ಲೇ ಎಂಬುದು ಒಂದು ಉತ್ತರ. ಪೋಯೇಸಿ ಎಂಬ ಹುಲ್ಲಿನ ಕುಟುಂಬದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಗರಿಕೆ, ಲಾವಂಚ, ಕಬ್ಬು, ಬಿದಿರು, ಸಜ್ಜೆ, ಭತ್ತ ಎಲ್ಲವೂ ಒಂದೇ ಬಳಗ. ಇನ್ನೊಂದು ಉತ್ತರ ಹೆಚ್ಚು ಮುಖ್ಯವಾದುದು. ಹೊರದೇಶಗಳ ಉದ್ಯಾನಗಳಲ್ಲಿ ಅಲಂಕಾರಕ್ಕೆ ಬೆಳೆಸುವ ಒಂದು ಹುಲ್ಲು ಕಡು ನೇರಳೆ ಎಲೆಯ ಭತ್ತ. ಅಲ್ಲಿ ಅದರ ಒಂದು ತಳಿಯ ಹೆಸರು 'ಬ್ಲ್ಯಾಕ್ ಮದ್ರಾಸ್'. ನಮ್ಮ ದೇಶದಲ್ಲಿ ಇಂಥದೇ ಭತ್ತವನ್ನು ಕಳೆ ಕೀಳುವುದಕ್ಕೆ ಉಪಾಯವಾಗಿ ಬಿತ್ತಿದ್ದರು. ಆ ಉಪಾಯ ಕೈಕೊಟ್ಟ ಬಗೆಯನ್ನು ತಿಳಿದವರು ಉದ್ಯಾನಕ್ಕೆ ಹುಲ್ಲು ಆರಿಸುವಾಗ ಬಣ್ಣವೊಂದನ್ನೇ ನೋಡಲಾರರು.

ಕೂರಿಗೆ ಗದ್ದೆಯ ಕಳ್ಳ

ಮುಗದದ ಸುತ್ತಮುತ್ತ, ಕಲಘಟಗಿ, ಖಾನಾಪುರದ ಕಡೆ ಭತ್ತವನ್ನು ಸಸಿ ಮಡಿ ಮಾಡಿ ನಾಟಿ ಮಾಡುವುದಕ್ಕಿಂತ ಕೂರಿಗೆಯಿಂದ ನೇರವಾಗಿ ಬಿತ್ತುವ ರೂಢಿ ಹಳೆಯದು. ಮುಂಗಾರಿಗೆ ಮುಂಚಿನ ಮಳೆಗೆ ನೆಲ ಹದ ಮಾಡಿ, ಒಣ ಮಣ್ಣಿಗೆ ಬೀಜ ಬಿಟ್ಟು, ಸಾಲುಗಳ ನಡುವೆ ಎಡೆಕುಂಟೆ ಹೊಡೆದು, ಮಳೆ ಹಿಡಿದ ಮೇಲೆ ನೀರು ನಿಲ್ಲಿಸುತ್ತಾರೆ. ಖರ್ಚು ಕಡಿಮೆ, ಕೂಲಿಯಾಳು ಕಡಿಮೆ. ತೊಂದರೆ ಇರುವುದು ಕಳೆಯಲ್ಲಿ. ನಾಟಿ ಗದ್ದೆಯಲ್ಲಿ ಮೂರು ವಾರದ ಸಸಿಗೂ ಆಗ ತಾನೇ ಮೊಳೆಯುವ ಕಳೆಗೂ ವಯಸ್ಸಿನ ಅಂತರವಿರುತ್ತದೆ; ನಿಂತ ನೀರು ಎಷ್ಟೋ ಕಳೆಯನ್ನು ಮೊಳೆಯಗೊಡುವುದಿಲ್ಲ. ಕೂರಿಗೆ ಗದ್ದೆಯಲ್ಲಿ ಬೆಳೆ, ಕಳೆ ಎರಡೂ ಒಂದೇ ದಿನ ಹುಟ್ಟುತ್ತವೆ.

ಆ ಕಳೆಗಳಲ್ಲಿ ಅತ್ಯಂತ ಕಷ್ಟದ್ದು ಭತ್ತದ ದಾಯಾದಿಯಾದ ಕಾಡುಭತ್ತ. ಛತ್ತೀಸಗಡದಲ್ಲಿ ಇದನ್ನು ಕರ್ಗಾ ಎನ್ನುತ್ತಾರೆ, ಕೇರಳದಲ್ಲಿ ವರಿನೆಲ್ಲು. ನೇರ ಬಿತ್ತನೆ ಇರುವಲ್ಲೆಲ್ಲ ಇದರ ಕಾಟ ಇದ್ದೇ ಇದೆ. ಹೂ ಬಿಡುವವರೆಗೆ ಬೆಳೆಗೂ ಇದಕ್ಕೂ ವ್ಯತ್ಯಾಸ ಕಾಣುವುದು ಪಳಗಿದ ಕಣ್ಣಿಗೂ ಕಷ್ಟ. ತೆನೆ ಬಂದ ಮೇಲೆ ಉದ್ದನೆಯ ಮುಳ್ಳುಗಳಿಂದ ಗುರುತು ಸಿಗುತ್ತದೆ. ಅಷ್ಟರಲ್ಲಿ ಗೊಬ್ಬರವನ್ನು ತಿಂದಾಗಿರುತ್ತದೆ. ಕೊಯ್ಲಿಗೆ ಮುನ್ನವೇ ಕಾಳು ಉದುರಿಸಿ, ವರ್ಷಗಟ್ಟಲೆ ಮಣ್ಣಿನಲ್ಲಿ ಸುಪ್ತವಾಗಿ ಮಲಗಲು ಬೀಜವನ್ನೂ ಬಿಟ್ಟಿರುತ್ತದೆ. ಬೆಳೆಯನ್ನು ಉಳಿಸಿ ಇದನ್ನು ಮಾತ್ರ ಕೊಲ್ಲುವ ಕಳೆನಾಶಕ ಸಿಗುವುದೂ ಸುಲಭವಲ್ಲ, ಎರಡೂ ಒಂದೇ ಜಾತಿಯಾದ್ದರಿಂದ.

ಬೆಳೆಯ ಬಣ್ಣವನ್ನೇ ಬದಲಿಸಿದರೆ? ಗದ್ದೆಯಲ್ಲಿ ನೇರಳೆ ಎಲೆಯ ಭತ್ತ ಬಿತ್ತಿದರೆ ಹಸಿರಾಗಿ ಕಂಡದ್ದೆಲ್ಲ ಕಳೆ. ಕಳೆ ತೆಗೆಯುವವರು ಯೋಚಿಸಬೇಕಾದ್ದೇ ಇಲ್ಲ, ಹಸಿರನ್ನು ಕಿತ್ತರಾಯಿತು. ಇಷ್ಟು ಸರಳವಾದ ಉಪಾಯ ಕೃಷಿವಿಜ್ಞಾನದಲ್ಲಿ ಅಪರೂಪ.

ಬಣ್ಣದ ಲೆಕ್ಕಾಚಾರ

ಎಲೆಗೆ ನೇರಳೆ ಬಣ್ಣ ಕೊಡುವ ವರ್ಣದ್ರವ್ಯ ಆಂಥೋಸಯಾನಿನ್. ನೇರಳೆ ಹಣ್ಣಿನ, ಬದನೆಯ ಸಿಪ್ಪೆಯ ಬಣ್ಣವೂ ಇದೇ ಗುಂಪಿನದು. ನೇರಳೆ ಭತ್ತದಲ್ಲಿ ಪತ್ರಹರಿತ್ತು ಇಲ್ಲವೆಂದಲ್ಲ. ಅದು ಈ ಬಣ್ಣದಡಿಯಲ್ಲಿ ಅಡಗಿರುತ್ತದೆ, ಆಹಾರ ತಯಾರಿಸುತ್ತಲೇ ಇರುತ್ತದೆ.

ಭತ್ತದ ಬಣ್ಣಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಸಾಗುತ್ತವೆ ಎಂಬುದನ್ನು ಲೆಕ್ಕ ಹಾಕಿ ನೋಡಿದ ಮೊದಲಿಗರಲ್ಲಿ ನಮ್ಮ ನೆರೆಯ ಕೊಯಮತ್ತೂರಿನವರು ಇದ್ದಾರೆ. 1912ರಲ್ಲಿ ಅಲ್ಲಿ ಭತ್ತದ ತಳಿ ಅಭಿವೃದ್ಧಿ ಕೇಂದ್ರ ಆರಂಭವಾಯಿತು. ಎಫ್. ಆರ್. ಪಾರ್ನೆಲ್, ಜಿ. ಎನ್. ರಂಗಸ್ವಾಮಿ ಅಯ್ಯಂಗಾರ್ ಮತ್ತು ಕೆ. ರಾಮಯ್ಯ 1917ರಲ್ಲಿ ಪ್ರಕಟಿಸಿದ ಭತ್ತದ ಅನುವಂಶೀಯತೆಯ ಅಧ್ಯಯನದಲ್ಲಿ ಗಿಡದ ಬೇರೆಬೇರೆ ಭಾಗಗಳ ಬಣ್ಣಗಳ ವಿವರವಿದೆ. ಮೆಂಡೆಲನ ನಿಯಮಗಳು ಮತ್ತೆ ಬೆಳಕಿಗೆ ಬಂದು ಆಗ ಎರಡು ದಶಕವೂ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. ರಾಮಯ್ಯನವರು ಮುಂದೆ ಕಟಕದ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ರಂಗಸ್ವಾಮಿ ಅಯ್ಯಂಗಾರ್ ಜೋಳ, ಸಜ್ಜೆಗಳ ಕಡೆ ಹೊರಳಿದರು. ಮುಂಬಯಿ ಪ್ರಾಂತದಲ್ಲಿ ಭತ್ತದ ಬಣ್ಣದ ಬಗ್ಗೆ ಕೆಲಸ ಮಾಡಿದವರು ಬಿ. ಎಸ್. ಕದಮ್. ಆಗ ಧಾರವಾಡ ಜಿಲ್ಲೆಯೂ ಅದೇ ಪ್ರಾಂತದಲ್ಲಿತ್ತು. ಕದಮ್ ಮತ್ತು ರಾಮಯ್ಯ 1943ರಲ್ಲಿ ಭತ್ತದ ಜೀನುಗಳಿಗೆ ಒಂದು ಸಂಕೇತ ಪದ್ಧತಿಯನ್ನೂ ಸೂಚಿಸಿದರು.

ಈ ಕೆಲಸಗಳೆಲ್ಲ ಸೇರಿ ಮೂಡಿದ ಚಿತ್ರವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಬಣ್ಣ ಬರಲು ಮೂರು ಬಗೆಯ ಜೀನುಗಳು ಕೂಡಬೇಕು: ಬಣ್ಣದ ಮೂಲಕ್ಕೆ ಒಂದು, ಅದನ್ನು ಪೂರ್ಣಗೊಳಿಸಲು ಇನ್ನೊಂದು, ಗಿಡದ ಯಾವ ಭಾಗದಲ್ಲಿ ಬಣ್ಣ ಕಾಣಬೇಕೆಂದು ನಿರ್ಧರಿಸಲು ಮತ್ತೊಂದು. ಹಾಗಾಗಿಯೇ ಕೆಲವು ತಳಿಗಳಲ್ಲಿ ಕಾಳಿನ ತುದಿ ಮಾತ್ರ ನೇರಳೆ, ಕೆಲವುಗಳಲ್ಲಿ ಬುಡದ ಕೋಶ, ಅಪರೂಪಕ್ಕೆ ಇಡೀ ಎಲೆ. ಇಡೀ ಎಲೆಗೆ ಬಣ್ಣ ಕೊಡುವ ಜೀನಿನ ನೆಲೆ ನಾಲ್ಕನೆಯ ವರ್ಣತಂತುವಿನಲ್ಲಿದೆ. ಜಪಾನಿನ ಸಂಶೋಧಕರು 2001ರಲ್ಲಿ ಅದರ ರಚನೆಯನ್ನು ಬಿಡಿಸಿ ತೋರಿಸಿದರು.

ಕಳೆಯೂ ನೇರಳೆಯಾಯಿತು

ನೇರಳೆ ಭತ್ತದ ಉಪಾಯ ದೊಡ್ಡದಾಗಿ ಪರೀಕ್ಷೆಗೆ ಒಳಗಾದದ್ದು ನಮ್ಮಲ್ಲಲ್ಲ, ಹಿಂದಿನ ಮಧ್ಯಪ್ರಾಂತದಲ್ಲಿ, ಅಂದರೆ ಇಂದಿನ ಛತ್ತೀಸಗಡದ ಕಡೆ. ಅಲ್ಲಿ ಭತ್ತವನ್ನು ಕೈಯಿಂದ ಎರಚಿ ಬಿತ್ತುವುದೇ ವಾಡಿಕೆಯಾಗಿತ್ತು. ಕಾಡುಭತ್ತದ ಸಮಸ್ಯೆ ಮತ್ತು ಅದರ ಪರಿಹಾರದ ಬಗ್ಗೆ ಬಿ. ಬಿ. ದವೆ 1943ರಲ್ಲಿ ಒಂದು ಪ್ರಬಂಧ ಬರೆದರು. ನೇರಳೆ ಎಲೆಯ ತಳಿಗಳು ಹೊಲಕ್ಕೆ ಬಂದವು. ಮೊದಲಿಗೆ ಕೆಲಸ ಹಗುರಾಯಿತು.

ಕೆಲವು ವರ್ಷಗಳಲ್ಲಿ ಕಾಡುಭತ್ತದಲ್ಲೂ ನೇರಳೆ ಗಿಡಗಳು ಕಾಣತೊಡಗಿದವು.

ಆದದ್ದು ಇಷ್ಟೆ. ಭತ್ತ ಮುಖ್ಯವಾಗಿ ಸ್ವಕೀಯ ಪರಾಗಸ್ಪರ್ಶದ ಗಿಡ. ಅದರ ಪರಾಗ ಗಾಳಿಯಲ್ಲಿ ಕೆಲವೇ ನಿಮಿಷ ಬದುಕುತ್ತದೆ. ಬೇರೆ ಗಿಡದೊಡನೆ ಸಂಕರವಾಗುವುದು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಒಂದು ಎಕರೆಯಲ್ಲಿರುವ ತೆನೆಗಳ ಸಂಖ್ಯೆಯನ್ನು ನೆನೆದರೆ ಆ ಕಡಿಮೆ ಪ್ರಮಾಣವೂ ಕಡಿಮೆಯಲ್ಲ. ಬೆಳೆಯ ಪರಾಗ ಬಿದ್ದ ಕಾಡುಭತ್ತದ ಕಾಳುಗಳಲ್ಲಿ ಕೆಲವು ನೇರಳೆ ಸಸಿಗಳಾಗಿ ಹುಟ್ಟಿದವು. ಇಷ್ಟೇ ಆಗಿದ್ದರೆ ಅವು ಸಾವಿರ ಹಸಿರು ಕಳೆಗಳ ನಡುವೆ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಆದರೆ ಆ ಸಾವಿರ ಹಸಿರನ್ನು ನಾವೇ ಕಿತ್ತೆವು. ಉಳಿದವು ನೇರಳೆ ಕಳೆ ಮಾತ್ರ. ಮರುವರ್ಷದ ಬೀಜ ಅವುಗಳದ್ದೇ. ತಳಿ ಅಭಿವೃದ್ಧಿ ಕೇಂದ್ರದಲ್ಲಿ ವಿಜ್ಞಾನಿ ಮಾಡುವ ಆಯ್ಕೆಯ ಕೆಲಸವನ್ನು ಕಳೆ ಕೀಳುವವರ ಕೈಗಳು ಗೊತ್ತಿಲ್ಲದೆ ಮಾಡಿದವು. ಬೆಳೆಯ ವೇಷ ತೊಟ್ಟು ಮನುಷ್ಯನ ಕಣ್ಣು ತಪ್ಪಿಸುವ ಕಳೆಗಳ ಈ ಗುಣಕ್ಕೆ ರಷ್ಯದ ವವಿಲೋವ್ ಅವರ ಹೆಸರನ್ನು ಇಡಲಾಗಿದೆ. ಛತ್ತೀಸಗಡದ ಭತ್ತ ಅದಕ್ಕೆ ಎಲ್ಲರೂ ಕೊಡುವ ಉದಾಹರಣೆ.

ಹಾಗೆಂದು ಉಪಾಯವನ್ನು ಯಾರೂ ಬಿಸಾಡಲಿಲ್ಲ. ರಾಯಪುರದಿಂದ 'ಶ್ಯಾಮಲಾ' ಎಂಬ ನೇರಳೆ ತಳಿ ಆಮೇಲೂ ಬಂತು. ಒಂದೆರಡು ವರ್ಷ ನೇರಳೆ, ಬಳಿಕ ಹಸಿರು ತಳಿ ಎಂದು ಬದಲಿಸಿದರೆ ಹಸಿರಿನ ವರ್ಷದಲ್ಲಿ ನೇರಳೆ ಕಳೆಗಳು ಎದ್ದು ಕಾಣುತ್ತವೆ, ಕೀಳುವುದು ಸುಲಭ. ಬಣ್ಣ ಅಸ್ತ್ರವಾಗಿ ಉಳಿಯಬೇಕಾದರೆ ಅದು ಕಳೆಗೆ ದಾಟಿರಬಾರದು.

ಉದ್ಯಾನಕ್ಕೆ ಬಂದ ಬಗೆ

ಯುರೋಪು, ಅಮೆರಿಕಗಳ ಉದ್ಯಾನಗಳಲ್ಲಿ ನೇರಳೆ ಭತ್ತ ಹೊಸದೇನಲ್ಲ. 'ನೈಗ್ರೆಸೆನ್ಸ್' ಎಂಬ ಹೆಸರಿನಲ್ಲಿ ಅದು ಹಳೆಯ ಉದ್ಯಾನ ಕೋಶಗಳಲ್ಲೇ ಇದೆ. ಹುಲ್ಲುಗಳಿಗೆ ಅಲ್ಲಿ ಗೌರವ ತಂದುಕೊಟ್ಟವರಲ್ಲಿ ಜರ್ಮನಿಯ ಪೋಟ್ಸ್‌ಡಾಮ್‌ನ ಸಸ್ಯಪಾಲಕ ಕಾರ್ಲ್ ಫೋರ್ಸ್ಟರ್ ಮುಖ್ಯರು. ಹುಲ್ಲು ಮತ್ತು ಜರೀಗಿಡಗಳು ತೋಟಗಳಿಗೆ ಬಂದ ಬಗ್ಗೆ ಅವರ ಪುಸ್ತಕ 1957ರಲ್ಲಿ ಪ್ರಕಟವಾಯಿತು. ಜಪಾನಿನ ಇನಾಕದಾತೆ ಎಂಬ ಹಳ್ಳಿ 1993ರಿಂದ ಬೇರೆಬೇರೆ ಬಣ್ಣದ ಎಲೆಯ ಭತ್ತಗಳನ್ನು ನಾಟಿ ಮಾಡಿ ಗದ್ದೆಯಲ್ಲೇ ಚಿತ್ರ ಬಿಡಿಸುತ್ತಿದೆ. ಅದನ್ನು ನೋಡಲು ಲಕ್ಷಗಟ್ಟಲೆ ಜನ ಹೋಗಿದ್ದಾರೆ.

ನಮ್ಮ ಸಜ್ಜೆಗೂ ಈ ಭಾಗ್ಯ ಬಂದಿದೆ. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ 'ಪರ್ಪಲ್ ಮೆಜೆಸ್ಟಿ' ಎಂಬ ನೇರಳೆ ಸಜ್ಜೆ 2003ರಲ್ಲಿ ಅಲ್ಲಿನ ಉದ್ಯಾನ ಸಸ್ಯಗಳ ಸ್ಪರ್ಧೆಯಲ್ಲಿ ಚಿನ್ನದ ಪದಕ ಪಡೆಯಿತು. ಬಾದಾಮಿ, ಕೊಪ್ಪಳದ ಕಡೆ ಸಜ್ಜೆರೊಟ್ಟಿ ತಟ್ಟುವವರಿಗೆ ಇದು ತಮಾಷೆಯಾಗಿ ತೋರಬಹುದು.

ಹುಲ್ಲು ಉದ್ಯಾನಕ್ಕೆ ಬಂದ ಚರಿತ್ರೆಯಲ್ಲಿ ಬೇಲಿ ಹಾರಿದ ಪ್ರಸಂಗಗಳೂ ಇವೆ. ದಕ್ಷಿಣ ಅಮೆರಿಕದ ಪಂಪಾಸ್ ಹುಲ್ಲು ಬಿಳಿ ಚಾಮರದಂಥ ತೆನೆಗಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿಗೆ ಹೋಯಿತು, ಅಲ್ಲಿಂದ ಲೋಕವೆಲ್ಲ ಸುತ್ತಿತು. ಇಂದು ಕ್ಯಾಲಿಫೋರ್ನಿಯದ ಕರಾವಳಿಯಲ್ಲೂ ನ್ಯೂಜಿಲೆಂಡಿನಲ್ಲೂ ಅದು ಕಳೆ. ಸಜ್ಜೆಯ ಕುಲಕ್ಕೇ ಸೇರಿದ, ಕಾರಂಜಿ ಹುಲ್ಲು ಎನ್ನಬಹುದಾದ ಪೆನ್ನಿಸೆಟಮ್ ಸೆಟೇಸಿಯಮ್ ಹವಾಯಿ ದ್ವೀಪಗಳಲ್ಲಿ ಲಾವಾದ ನೆಲವನ್ನೆಲ್ಲ ಆವರಿಸಿ ಬೆಂಕಿಗೆ ಉರುವಲಾಗಿದೆ. ಪರಾಗಸ್ಪರ್ಶವಿಲ್ಲದೆಯೇ ಬೀಜ ಕಟ್ಟಬಲ್ಲ ಹುಲ್ಲು ಇದು. ಒಂದು ಗಿಡ ಸಾಕು. ಐರೋಪ್ಯ ಒಕ್ಕೂಟ 2017ರಲ್ಲಿ ಇದನ್ನು ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಸೇರಿಸಿತು. ಈ ಎರಡನ್ನೂ ತರದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅಂದಕ್ಕೆಂದು ತಂದ ಲಂಟಾನ ಇಂದು ನಮ್ಮ ಕಾಡುಗಳಲ್ಲಿ ಎಷ್ಟು ಹಬ್ಬಿದೆ ಎಂಬುದು ಎಲ್ಲರಿಗೂ ಗೊತ್ತಿದೆ. ಕಾರಂಜಿ ಹುಲ್ಲೇ ಬೇಕೆನ್ನುವವರು ಬಹುಮಟ್ಟಿಗೆ ಬೀಜ ಕಟ್ಟದ, ಕೆಂಪು ಎಲೆಯ 'ರೂಬ್ರಮ್' ಬಗೆಯನ್ನು ಬುಡ ಸೀಳಿ ನೆಡಬಹುದು.

ಬೆಳೆಸುವುದು

ನೇರಳೆ ಭತ್ತಕ್ಕೆ ಹನ್ನೆರಡು ಇಂಚಿನ ಕುಂಡ ಅಥವಾ ಹಳೆಯ ಟಬ್ ಸಾಕು. ಎರೆಮಣ್ಣು, ಕೆಂಪುಮಣ್ಣು, ಚೆನ್ನಾಗಿ ಕಳಿತ ಗೊಬ್ಬರ ಸಮವಾಗಿ ಬೆರೆಸಬೇಕು. ಬೀಜವನ್ನು ಒಂದು ದಿನ ನೀರಿನಲ್ಲಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಕಂಡ ಮೇಲೆ ಬಿತ್ತುವುದು. ಮೂರು ವಾರದ ಸಸಿಗಳನ್ನು ಕುಂಡಕ್ಕೆ ಎರಡು ಮೂರರಂತೆ ನೆಡುವುದು. ನೀರು ನಿಲ್ಲಿಸಲೇಬೇಕೆಂದಿಲ್ಲ, ಮಣ್ಣು ಸದಾ ಕೆಸರಾಗಿದ್ದರಾಯಿತು. ಹುಬ್ಬಳ್ಳಿಯಂಥ ಊರಿನಲ್ಲಿ ನಿಂತ ನೀರು ಸೊಳ್ಳೆಗೆ ತೊಟ್ಟಿಲು. ಬಿಸಿಲು ದಿನಕ್ಕೆ ಆರು ತಾಸಾದರೂ ಬೀಳಬೇಕು. ನೆರಳಲ್ಲಿ ಎಲೆ ಹಸಿರಿಗೆ ತಿರುಗುತ್ತದೆ. ಯೂರಿಯಾ ಸುರಿದರೂ ಅಷ್ಟೆ, ಗಿಡ ಸೊಕ್ಕುತ್ತದೆ, ಬಣ್ಣ ಮಾಸುತ್ತದೆ. ಕೊಳವೆಬಾವಿಯ ಸುಣ್ಣದ ನೀರಿನಿಂದ ಎಳೆ ಎಲೆ ಬಿಳಿಚಿದರೆ ಅದು ಕಬ್ಬಿಣದ ಕೊರತೆ, ಮಳೆನೀರು ಉತ್ತಮ.

ಮುಗದದಂಥ ಊರಿನಲ್ಲಿ, ಹಿತ್ತಲಿನ ಆಚೆಗೇ ಗದ್ದೆ ಇರುವಲ್ಲಿ, ಒಂದು ಎಚ್ಚರ ಬೇಕು. ಬೀಜ ಪ್ರಮಾಣೀಕರಣದ ನಿಯಮದಂತೆ ಭತ್ತದ ಬೀಜದ ಗದ್ದೆಗೂ ಬೇರೆ ತಳಿಯ ಗದ್ದೆಗೂ ನಡುವೆ 3 ಮೀಟರ್ ಅಂತರವಿದ್ದರೆ ಸಾಕು. ಆದ್ದರಿಂದ ಪಕ್ಕದವರ ಬೆಳೆ ಕೆಡುತ್ತದೆಂಬ ಭಯ ದೊಡ್ಡದಲ್ಲ. ಅಂಜಿಕೆ ಇರುವುದು ಬದುವಿನಂಚಿನ ಕಾಡುಭತ್ತದ ಬಗ್ಗೆ. ನಮ್ಮ ಕುಂಡದ ಬಣ್ಣ ಅದಕ್ಕೆ ದಾಟಿದರೆ, ಮುಂದೆಂದೋ ನೇರಳೆ ತಳಿ ಬಿತ್ತಿ ಕಳೆ ಕೀಳಬೇಕೆನ್ನುವ ರೈತನಿಗೆ ಆ ದಾರಿ ಮುಚ್ಚುತ್ತದೆ. ಪರಿಹಾರ ಸುಲಭ: ನಮಗೆ ಬೇಕಾದ್ದು ಎಲೆ, ತೆನೆಯಲ್ಲ. ಹೊಡೆ ಕಂಡ ಕೂಡಲೇ ಕತ್ತರಿಸಿಬಿಡುವುದು. ಬುಡದಿಂದ ಕೂಳೆ ಚಿಗುರಿ ಮತ್ತೆ ಎಳೆಯ ನೇರಳೆ ಎಲೆ ಬರುತ್ತದೆ. ತೆಂಡೆಗಳನ್ನು ಸೀಳಿ ನೆಟ್ಟು ಗಿಡಗಳನ್ನು ಹೆಚ್ಚಿಸಿಕೊಳ್ಳಬಹುದು. ಬೀಜವೇ ಬೇಕೆಂದರೆ ಒಂದೆರಡು ತೆನೆಗಳಿಗೆ ಹೂ ಅರಳುವ ಮುನ್ನ ಬೆಣ್ಣೆಕಾಗದದ ಚೀಲ ತೊಡಿಸಬೇಕು. ಹೂ ಮುಗಿದ ಮೇಲೂ ಚೀಲವನ್ನು ಬಿಟ್ಟರೆ ಗುಬ್ಬಿ, ರಾಟವಾಳಗಳಿಂದಲೂ ಕಾಳು ಉಳಿಯುತ್ತದೆ.

ಸಜ್ಜೆಯ ವಿಷಯ ಬೇರೆ. ಅದು ಪರಕೀಯ ಪರಾಗಸ್ಪರ್ಶದ ಗಿಡ, ಗಾಳಿಯೇ ಅದರ ದೂತ. ಪ್ರಮಾಣಿತ ಬೀಜಕ್ಕೆ 200 ಮೀಟರ್ ಅಂತರ ಬೇಕೆಂದರೆ ಅಂದಾಜಾದೀತು. ಸುತ್ತ ಸಜ್ಜೆ ಬೆಳೆಯುವ ಊರಿನಲ್ಲಿ ನೇರಳೆ ಸಜ್ಜೆ ಬೇಡ. ಪಟ್ಟಣದ ಮನೆಯ ಮುಂದೆ ಅಡ್ಡಿಯಿಲ್ಲ.

ಇಷ್ಟೆಲ್ಲ ಜಂಜಡ ಬೇಡವೆನ್ನುವವರಿಗೆ ಲಾವಂಚ ಇದೆ. ದಕ್ಷಿಣ ಭಾರತದ ಬಗೆ ಬೀಜದಿಂದ ಹರಡುವುದಿಲ್ಲ, ಬೇರು ಪಕ್ಕಕ್ಕೆ ಹರಿಯದೆ ನೇರ ಕೆಳಗಿಳಿಯುತ್ತದೆ, ನೆಟ್ಟಲ್ಲೇ ನಿಲ್ಲುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಗಡಿಗೆ ಇದನ್ನು ತಲೆಮಾರುಗಳಿಂದ ನೆಡುತ್ತಿದ್ದರು. ಮಣ್ಣಿನ ಸವಕಳಿ ತಡೆಯಲು ಲಾವಂಚ ಬಳಸಬೇಕೆಂದು 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಲೋಕಕ್ಕೆಲ್ಲ ಹೇಳಹೊರಟಾಗ ಈ ಗಡಿಗಳೂ ಅವರಿಗೆ ಸಾಕ್ಷಿಯಾದವು. ನೆಡುವಾಗ ಕೇಳಬೇಕಾದ್ದು ಒಂದೇ: ಬೀಜ ಕಟ್ಟುವ ಉತ್ತರ ಭಾರತದ ಬಗೆಯೋ, ನಮ್ಮದೋ? ನಮ್ಮದಾದರೆ ಮಿರಗದ ಮಳೆಗೆ ಬುಡ ಸೀಳಿ, ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ, ಸಾಲಿನಲ್ಲಿ ಅರ್ಧ ಅಡಿಗೊಂದರಂತೆ ನೆಡಬೇಕು. ಮಳೆ ಹಿಡಿಯುವವರೆಗೆ ನೀರು ಹಾಕಿದರೆ ಸಾಕು.