ಯುದ್ಧಕೈದಿಗಳ ನಿರ್ವಹಣೆ: ಮಾಗಡಿ ಸೀಮೆಯ ದುರ್ಗಗಳಿಂದ ಜಾಲಹಳ್ಳಿಯ ಶಿಬಿರದವರೆಗೆ

ಮಾಗಡಿ, ರಾಮನಗರ, ಚನ್ನಪಟ್ಟಣ ಮತ್ತು ಕನಕಪುರ ತಾಲ್ಲೂಕುಗಳ ಬಂಡೆಬೆಟ್ಟಗಳು ಇಂದು ಯಾತ್ರಿಕರಿಗೂ ಚಾರಣಿಗರಿಗೂ ಪರಿಚಿತ ತಾಣಗಳು. ಹದಿನೆಂಟನೆಯ ಶತಮಾನದಲ್ಲಿ ಸಾವನದುರ್ಗ, ರಾಮಗಿರಿ ಮತ್ತು ನೆರೆಯ ಹುತ್ರಿದುರ್ಗಗಳು ಬೆಂಗಳೂರು–ಶ್ರೀರಂಗಪಟ್ಟಣಗಳ ನಡುವಣ ರಕ್ಷಣಾ ಕೋಟೆಗಳಾಗಿದ್ದವು. ಕನಕಪುರದ ದಕ್ಷಿಣಕ್ಕಿರುವ ಕಬ್ಬಾಳದುರ್ಗವು ಕೋಟೆಯಷ್ಟೇ ಅಲ್ಲ, ಸೆರೆಮನೆಯೂ ಆಗಿತ್ತು. ಇದೇ ಸೀಮೆಗೆ ಹೊಂದಿಕೊಂಡ ಬೆಂಗಳೂರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ಯುದ್ಧಕೈದಿಗಳ ಶಿಬಿರಗಳ ನೆಲೆಯಾಯಿತು. ಭಾರತೀಯ ಭೂಸೇನೆಯ ಸೇನಾ ಪೊಲೀಸ್ ದಳದ ತರಬೇತಿ ಕೇಂದ್ರವೂ ಇಂದು ಬೆಂಗಳೂರಿನಲ್ಲಿಯೇ ಇದೆ.

ಯುದ್ಧದಲ್ಲಿ ಸೆರೆಸಿಕ್ಕವನ ಗತಿಯನ್ನು ನಿರ್ಧರಿಸುವುದು ಸೆರೆ ಹಿಡಿದವನ ಕರುಣೆಯೇ ಅಥವಾ ಬರಹಕ್ಕಿಳಿದ ನಿಯಮವೇ ಎಂಬ ಪ್ರಶ್ನೆಗೆ ಈ ಪ್ರದೇಶದ ಮೂರು ಶತಮಾನಗಳ ಇತಿಹಾಸದಲ್ಲಿ ಉತ್ತರ ದೊರೆಯುತ್ತದೆ. ಕೈದಿಯ ಹೆಸರು ಒಂದು ಪಟ್ಟಿಯಲ್ಲಿ ದಾಖಲಾಗಿ, ಆ ಪಟ್ಟಿ ಎದುರು ಪಕ್ಷದ ಕೈಸೇರಿದರೆ ಆತನಿಗೆ ಬದುಕುವ ಮತ್ತು ಮನೆಗೆ ಮರಳುವ ಅವಕಾಶ ಹೆಚ್ಚುತ್ತದೆ. ಹೆಸರೇ ದಾಖಲಾಗದಿದ್ದರೆ ಯಾವ ಒಪ್ಪಂದವೂ ಆತನ ನೆರವಿಗೆ ಬಾರದು.

ಅರಸನ ಮರ್ಜಿಯ ಕಾಲ

ಮಾಗಡಿಯನ್ನು ರಾಜಧಾನಿಯಾಗಿಸಿಕೊಂಡು ಆಳಿದ ಕೆಂಪೇಗೌಡರ ವಂಶದ ಪತನವೇ ಈ ವಿಷಯಕ್ಕೆ ಮೊದಲ ನಿದರ್ಶನ. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನ ಸೇನೆ ಮಾಗಡಿಯನ್ನೂ ಸಾವನದುರ್ಗವನ್ನೂ ವಶಪಡಿಸಿಕೊಂಡಿತು. ವಂಶದ ಕೊನೆಯ ಅರಸ ಮುಮ್ಮಡಿ ಕೆಂಪವೀರಪ್ಪಗೌಡನನ್ನು ಶ್ರೀರಂಗಪಟ್ಟಣಕ್ಕೆ ಒಯ್ದು ಸೆರೆಯಲ್ಲಿರಿಸಲಾಯಿತು. ಆತ ಅಲ್ಲಿಯೇ ಕೊನೆಯುಸಿರೆಳೆದ. ಸೋತ ಅರಸನನ್ನು ಜೀವಾವಧಿ ಸೆರೆಯಲ್ಲಿಡುವುದು ಅಂದಿನ ರಾಜನೀತಿಗೆ ವಿರುದ್ಧವಾದ ಸಂಗತಿಯೇನೂ ಆಗಿರಲಿಲ್ಲ. ಯುದ್ಧ ಮುಗಿದೊಡನೆ ಕೈದಿಯ ಬಿಡುಗಡೆಯಾಗಬೇಕೆಂಬ ಕಟ್ಟಳೆಯೂ ಇರಲಿಲ್ಲ.

ಕಬ್ಬಾಳದುರ್ಗದ ಸೆರೆಮನೆ ಇಂಥ ವ್ಯವಸ್ಥೆಯ ಕಠೋರ ಮುಖ. ಕಡಿದಾದ ಏರು, ಒಂದೇ ದುರ್ಗಮ ದಾರಿ, ಕುಡಿದವರ ಆರೋಗ್ಯ ಕೆಡಿಸುವುದೆಂದು ಕುಖ್ಯಾತವಾದ ನೀರು—ಇವೇ ಅಲ್ಲಿನ ಕಾವಲಿನ ಬಲವಾಗಿದ್ದವು. ಬಂಡೆದ್ದ ಪಾಳೆಯಗಾರ, ಅರಸನ ಅವಕೃಪೆಗೆ ಪಾತ್ರನಾದ ಅಧಿಕಾರಿ, ಯುದ್ಧದಲ್ಲಿ ಸಿಕ್ಕಿಬಿದ್ದ ಶತ್ರು—ಇವರ ನಡುವೆ ಅಂದು ಸ್ಪಷ್ಟ ಭೇದವಿರಲಿಲ್ಲ. ಅಪರಾಧಿ ಬೇರೆ, ಯುದ್ಧಕೈದಿ ಬೇರೆ ಎಂಬ ವಿಂಗಡಣೆಯೇ ಮುಂದಿನ ಕಾಲದ ಎಲ್ಲ ಕಾನೂನಿಗೂ ಅಡಿಪಾಯವಾಯಿತೆಂಬುದನ್ನು ಇಲ್ಲಿ ನೆನೆಯಬೇಕು.

ಶ್ರೀರಂಗಪಟ್ಟಣದ ಸೆರೆ, 1780–1792

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ವಿಲಿಯಂ ಬೇಲಿಯ ನೇತೃತ್ವದ ಈಸ್ಟ್ ಇಂಡಿಯಾ ಕಂಪನಿಯ ಪಡೆ ಹೈದರ್ ಅಲಿ ಮತ್ತು ಟಿಪ್ಪುವಿನ ಸೇನೆಗೆ ಶರಣಾಯಿತು. ಸೆರೆಸಿಕ್ಕವರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಬೇಲಿ 1782ರಲ್ಲಿ ಅಲ್ಲಿಯೇ ಮೃತನಾದ. ಸಂಕೋಲೆಯಲ್ಲಿ ಮೂರೂವರೆ ವರ್ಷ ಕಳೆದು ಬಿಡುಗಡೆಯಾದ ಡೇವಿಡ್ ಬೇರ್ಡ್, 1799ರ ಮೇ 4ರಂದು ಅದೇ ಕೋಟೆಯ ಮೇಲಿನ ಅಂತಿಮ ದಾಳಿಯನ್ನು ಮುನ್ನಡೆಸಿದ. 1782ರಲ್ಲಿ ಫ್ರೆಂಚ್ ನೌಕಾಧಿಪತಿ ಸಫ್ರನ್ ತಾನು ಸಮುದ್ರದಲ್ಲಿ ಹಿಡಿದ ನೂರಾರು ಇಂಗ್ಲಿಷ್ ಕೈದಿಗಳನ್ನು ಹೈದರನ ವಶಕ್ಕೆ ಒಪ್ಪಿಸಿದ. ಕೈದಿಗಳೆಂದರೆ ಕೈಯಿಂದ ಕೈಗೆ ದಾಟಿಸಬಹುದಾದ ಸ್ವತ್ತು ಎಂಬ ಭಾವನೆ ಯುರೋಪಿನವರಲ್ಲಿಯೂ ಇತ್ತೆಂಬುದಕ್ಕೆ ಇದು ಸಾಕ್ಷಿ.

1784ರ ಮಾರ್ಚ್ 11ರ ಮಂಗಳೂರು ಒಪ್ಪಂದದ ಪ್ರಕಾರ ಕೈದಿಗಳೆಲ್ಲರ ಬಿಡುಗಡೆಯಾಗಬೇಕಿತ್ತು. ಆದರೆ ಎರಡೂ ಪಕ್ಷಗಳು ಒಪ್ಪಿದ ಹೆಸರುಪಟ್ಟಿಯೊಂದು ಇಲ್ಲದಿದ್ದಲ್ಲಿ ‘ಎಲ್ಲರೂ’ ಎಂದರೆ ಯಾರೆಂಬುದನ್ನು ತೀರ್ಮಾನಿಸುವುದು ಹೇಗೆ? ಬಾಲಕರನ್ನೂ ಯುವಕರನ್ನೂ ಮತಾಂತರಿಸಿ ‘ಚೇಲಾ’ ದಳಗಳಿಗೆ ಸೇರಿಸಿಕೊಳ್ಳಲಾಗಿತ್ತು. ಇಂಥವರಲ್ಲಿ ಹಲವರು ಬಿಡುಗಡೆಯಾದವರ ಗುಂಪಿನಲ್ಲಿರಲಿಲ್ಲ. ಜೇಮ್ಸ್ ಸ್ಕರ್ರಿ ಎಂಬಾತ ಹತ್ತು ವರ್ಷ ಸೆರೆಯಲ್ಲಿದ್ದು, ಮೂರನೆಯ ಮೈಸೂರು ಯುದ್ಧದ ಸಮಯದಲ್ಲಿ ತಪ್ಪಿಸಿಕೊಂಡು ತನ್ನ ಅನುಭವವನ್ನು ಬರೆದಿಟ್ಟ. ಇಂಥ ಬರಹಗಳೆಲ್ಲ ಬಹುಪಾಲು ಯುರೋಪಿಯನ್ನರವು. ಅವರೊಡನೆ ಸೆರೆಯಾದ ದೇಶೀಯ ಸಿಪಾಯಿಗಳ ಹೆಸರುಗಳು ಚರಿತ್ರೆಯ ಪುಟಗಳಲ್ಲಿ ಉಳಿದಿರುವುದು ತೀರ ವಿರಳ.

1791ರ ಡಿಸೆಂಬರ್‌ನಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ಸೇನೆ ಮಾಗಡಿ ಸೀಮೆಯ ಕೋಟೆಗಳತ್ತ ತಿರುಗಿತು. ದುರ್ಭೇದ್ಯವೆಂದು ಹೆಸರಾಗಿದ್ದ ಸಾವನದುರ್ಗ ಕೆಲವು ದಿನಗಳ ಫಿರಂಗಿ ದಾಳಿಯ ನಂತರ ಡಿಸೆಂಬರ್ 21ರಂದು ಬಿದ್ದಿತು. ಕಾವಲು ಪಡೆಯ ಅನೇಕರು ಬೆಟ್ಟದಿಂದಿಳಿದು ಪಾರಾದರು. ಅದೇ ತಿಂಗಳು ರಾಮಗಿರಿ, ಹುತ್ರಿದುರ್ಗಗಳೂ ಕಂಪನಿಯ ವಶವಾದವು. 1792ರ ಶ್ರೀರಂಗಪಟ್ಟಣ ಒಪ್ಪಂದದ ಪೂರ್ವಭಾವಿ ಷರತ್ತುಗಳಲ್ಲಿ, ಹೈದರ್ ಅಲಿಯ ಕಾಲದಿಂದ ಹಿಡಿದಿಟ್ಟ ಕೈದಿಗಳೆಲ್ಲರನ್ನೂ ಬಿಡಬೇಕೆಂಬ ಷರತ್ತು ಮತ್ತೆ ಸೇರಿತು. ಎಂಟು ವರ್ಷ ಹಿಂದಿನ ಒಪ್ಪಂದ ಪೂರ್ತಿಯಾಗಿ ಜಾರಿಯಾಗಿರಲಿಲ್ಲವೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಅದೇ ಸಂಧಿಯ ಪ್ರಕಾರ ಟಿಪ್ಪುವಿನ ಎಳೆಯ ಮಕ್ಕಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಒತ್ತೆಯಾಳುಗಳಾಗಿ ಕಂಪನಿಯ ವಶಕ್ಕೆ ಹೋಗಿ 1794ರಲ್ಲಿ ಮರಳಿದರು. ಮಕ್ಕಳನ್ನು ಒತ್ತೆಯಿಡುವ ಪದ್ಧತಿಯನ್ನು ಗೆದ್ದವರೂ ಬಿಟ್ಟಿರಲಿಲ್ಲ.

ನಿಯಮ ಬರಹಕ್ಕಿಳಿದದ್ದು

ಒಂದು ಶತಮಾನದ ನಂತರ, 1899 ಮತ್ತು 1907ರ ಹೇಗ್ ಒಪ್ಪಂದಗಳು ಮೂಲಭೂತ ಬದಲಾವಣೆಯೊಂದನ್ನು ತಂದವು. ಯುದ್ಧಕೈದಿ ಶತ್ರು ಸರ್ಕಾರದ ವಶದಲ್ಲಿರುತ್ತಾನೆಯೇ ಹೊರತು ಆತನನ್ನು ಹಿಡಿದ ವ್ಯಕ್ತಿಯ ಅಥವಾ ದಳದ ವಶದಲ್ಲಲ್ಲ ಎಂಬುದು ಅದರ ತಿರುಳು. ಪ್ರತಿಯೊಂದು ಯುದ್ಧನಿರತ ದೇಶವೂ ಕೈದಿಗಳ ಮಾಹಿತಿ ಕಚೇರಿಯನ್ನು ತೆರೆಯಬೇಕೆಂಬ ನಿಯಮವೂ ಅದರಲ್ಲಿ ಸೇರಿತು.

ಮೊದಲನೆಯ ಮಹಾಯುದ್ಧದಲ್ಲಿ ಕನ್ನಡ ನಾಡು ಈ ನಿಯಮದ ಎರಡು ಮುಖಗಳನ್ನು ಕಂಡಿತು. ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲಿ ತುರ್ಕಿ ಕೈದಿಗಳ ಶಿಬಿರವಿತ್ತು. 1917ರಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಪ್ರತಿನಿಧಿಗಳು ಭಾರತ ಮತ್ತು ಬರ್ಮಾದ ಶಿಬಿರಗಳ ಜೊತೆಗೆ ಅದನ್ನೂ ಸಂದರ್ಶಿಸಿ ವರದಿ ನೀಡಿದರು. ಇತ್ತ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಅಶ್ವದಳಗಳು ಸುಮಾರು 1,350 ಜರ್ಮನ್ ಮತ್ತು ತುರ್ಕಿ ಸೈನಿಕರನ್ನು ಸೆರೆಹಿಡಿದವು.

1929ರ ಜುಲೈ 27ರ ಜಿನೀವಾ ಒಪ್ಪಂದ ನಿಯಮಗಳನ್ನು ವಿಸ್ತಾರವಾಗಿ ರೂಪಿಸಿತು. ವಿಚಾರಿಸಿದಾಗ ಕೈದಿ ತನ್ನ ಹೆಸರು ಮತ್ತು ಹುದ್ದೆಯನ್ನು ಅಥವಾ ಸೇನಾ ಸಂಖ್ಯೆಯನ್ನು ಮಾತ್ರ ಹೇಳಿದರೆ ಸಾಕು. ಸೆರೆಹಿಡಿದ ಸೇನೆಯ ನೆಲೆಗಳಲ್ಲಿನ ಸೈನಿಕರಿಗೆ ಸಲ್ಲುವಷ್ಟೇ ಪಡಿತರ ಆತನಿಗೂ ಸಲ್ಲಬೇಕು. ಶಿಬಿರ ತಲುಪಿದ ಒಂದು ವಾರದೊಳಗೆ ಮನೆಗೆ ಅಂಚೆ ಕಾರ್ಡ್ ಬರೆಯಲು ಅವಕಾಶವಿರಬೇಕು. ತಪ್ಪಿಸಿಕೊಳ್ಳಲು ಯತ್ನಿಸಿ ಸಿಕ್ಕಿಬಿದ್ದವನಿಗೆ ಶಿಸ್ತುಕ್ರಮವಷ್ಟೇ. ಅಂಥ ಬಂಧನದ ಅವಧಿ 30 ದಿನ ಮೀರಬಾರದು. ನಡೆಸಿಕೊಂಡು ಹೋಗುವಾಗ ಸಾಮಾನ್ಯವಾಗಿ ದಿನಕ್ಕೆ 20 ಕಿಲೋಮೀಟರ್ ಮೀರುವಂತಿಲ್ಲ. ಮಾಗಡಿಯಿಂದ ಬೆಂಗಳೂರಿಗೆ ಸುಮಾರು 50 ಕಿಲೋಮೀಟರ್ ದೂರ. ಈ ನಿಯಮದಂತೆ ಅದು ಮೂರು ದಿನಗಳ ನಡಿಗೆ.

ಸೇನಾ ಪೊಲೀಸರ ಪಾತ್ರ

ಇಂಥ ನಿಯಮಗಳನ್ನು ರಣರಂಗದಲ್ಲಿ ಕಾರ್ಯರೂಪಕ್ಕೆ ತರುವ ಹೊಣೆ ಬಹುಪಾಲು ಸೇನಾ ಪೊಲೀಸರದು. ಸೈನಿಕರ ಶಿಸ್ತು, ವಾಹನ ಸಂಚಾರದ ನಿಯಂತ್ರಣ ಹಾಗೂ ಯುದ್ಧಕೈದಿಗಳ ನಿರ್ವಹಣೆ ಈ ದಳದ ಮುಖ್ಯ ಕೆಲಸಗಳು. ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಭಾರತೀಯ ಸೇನೆಯಲ್ಲಿ ಈ ದಳ ಪ್ರತ್ಯೇಕ ಸ್ವರೂಪ ಪಡೆಯಿತು.

ಶರಣಾದವನ ಶಸ್ತ್ರವನ್ನು ಕಸಿದು, ಶೋಧಿಸಿ, ಸೆರೆಯಾದ ಸ್ಥಳ ಮತ್ತು ದಿನಾಂಕವನ್ನು ಗುರುತು ಚೀಟಿಯಲ್ಲಿ ಬರೆಯುವುದು ಮೊದಲ ಹಂತ. ಹಣವನ್ನು ತೆಗೆದುಕೊಂಡರೆ ರಸೀದಿ ಕೊಡಬೇಕು; ಗುರುತಿನ ಪತ್ರವನ್ನು ಕಿತ್ತುಕೊಳ್ಳುವಂತಿಲ್ಲ. ಬಳಿಕ ಅಧಿಕಾರಿಗಳನ್ನೂ ಸಾಮಾನ್ಯ ಸೈನಿಕರನ್ನೂ ಬೇರ್ಪಡಿಸಿ, ಗಾಯಾಳುಗಳನ್ನು ವೈದ್ಯರಿಗೊಪ್ಪಿಸಿ, ಉಳಿದವರನ್ನು ಮುಂಚೂಣಿಯಿಂದ ಹಿಂದಿನ ಸಂಗ್ರಹಣಾ ಸ್ಥಳಕ್ಕೂ ಅಲ್ಲಿಂದ ಶಿಬಿರಕ್ಕೂ ಬೆಂಗಾವಲಿನಲ್ಲಿ ಕಳುಹಿಸಲಾಗುತ್ತದೆ. ಪ್ರತಿ ಹಂತದಲ್ಲಿಯೂ ಒಪ್ಪಿಸಿದವನು ಮತ್ತು ವಹಿಸಿಕೊಂಡವನು ತಲೆ ಎಣಿಸಿ ಸಹಿ ಮಾಡಬೇಕು. ನೋಟಕ್ಕೆ ಇದು ಕೇವಲ ಗುಮಾಸ್ತಿಕೆ. ಆದರೆ ದಾರಿಯಲ್ಲಿ ಕೈದಿಯೊಬ್ಬ ಸತ್ತರೆ ಅಥವಾ ಕಾಣೆಯಾದರೆ ಉತ್ತರ ಹೇಳಬೇಕಾದವರು ಯಾರೆಂಬುದು ಗೊತ್ತಾಗುವುದು ಆ ಸಹಿಯಿಂದಲೇ.

ಬೆಂಗಳೂರಿನ ಇಟಲಿ ಕೈದಿಗಳು

1940ರ ಡಿಸೆಂಬರ್‌ನಿಂದ 1941ರ ಫೆಬ್ರವರಿಯವರೆಗೆ ಉತ್ತರ ಆಫ್ರಿಕದಲ್ಲಿ ನಡೆದ ಕಾರ್ಯಾಚರಣೆಯಲ್ಲಿ ಬ್ರಿಟಿಷ್ ಮತ್ತು ಕಾಮನ್‌ವೆಲ್ತ್ ಪಡೆಗಳಿಗೆ ಸುಮಾರು 1,30,000 ಇಟಾಲಿಯನ್ನರು ಸೆರೆಸಿಕ್ಕರು. ಅಷ್ಟು ಜನರಿಗೆ ಈಜಿಪ್ಟಿನಲ್ಲಿ ಅನ್ನ, ನೀರು, ಕಾವಲು ಒದಗಿಸುವುದು ಕಷ್ಟವಾದ್ದರಿಂದ ಸಾವಿರಾರು ಮಂದಿಯನ್ನು ಹಡಗಿನಲ್ಲಿ ಭಾರತಕ್ಕೆ ಸಾಗಿಸಲಾಯಿತು. ಡೆಹರಾಡೂನ್, ಭೋಪಾಲ್, ಯೋಲ್, ರಾಮಗಢಗಳಂತೆ ಬೆಂಗಳೂರಿನಲ್ಲಿಯೂ ಶಿಬಿರಗಳ ಸಮೂಹವೊಂದು ತಲೆಯೆತ್ತಿತು. ಸಮಶೀತೋಷ್ಣ ಹವೆ, ರೈಲು ಸಂಪರ್ಕ, ದಂಡುಪ್ರದೇಶದ ಸೌಕರ್ಯ ಮತ್ತು ಕದನಭೂಮಿಯಿಂದ ದೂರ ಈ ಊರಿಗಿದ್ದ ಅನುಕೂಲಗಳು.

ಜಾಲಹಳ್ಳಿಯ ಸೇನಾ ಆಸ್ಪತ್ರೆಯ ಸಾಲು ಕಟ್ಟಡಗಳ ನಿರ್ಮಾಣದಲ್ಲಿ ಇಟಲಿಯ ಕೈದಿಗಳ ದುಡಿಮೆಯಿತ್ತು. ಕೈದಿಗಳನ್ನು ಯುದ್ಧ ಕಾರ್ಯಕ್ಕೆ ನೇರ ಸಂಬಂಧವಿರುವ ಕೆಲಸಕ್ಕೆ ಹಚ್ಚಬಾರದು, ಅಧಿಕಾರಿಗಳನ್ನು ದುಡಿಮೆಗೆ ಬಲವಂತಪಡಿಸಬಾರದು ಎಂಬುದು ಜಿನೀವಾ ನಿಯಮ. 1943ರ ಸೆಪ್ಟೆಂಬರ್ 8ರಂದು ಇಟಲಿಯ ಕದನವಿರಾಮ ಪ್ರಕಟವಾಗಿ, ಅಕ್ಟೋಬರ್ 13ರಂದು ಅದು ಜರ್ಮನಿಯ ಮೇಲೆಯೇ ಯುದ್ಧ ಸಾರಿದಾಗ ವಿಚಿತ್ರ ಸನ್ನಿವೇಶ ಉಂಟಾಯಿತು. ದೇಶ ಪಕ್ಷ ಬದಲಿಸಿದರೂ ಕೈದಿಗಳು ಕೈದಿಗಳಾಗಿಯೇ ಉಳಿದರು. ಸಹಕರಿಸಲು ಒಪ್ಪಿದವರಿಗೆ ಹೆಚ್ಚಿನ ಸಡಿಲಿಕೆ ದೊರೆಯಿತು. ಮುಸೊಲಿನಿಗೆ ನಿಷ್ಠರಾದವರನ್ನು ಬೇರೆಯಾಗಿ ಇರಿಸಲಾಯಿತು. ಶಾಂತಿ ಸ್ಥಾಪನೆಯ ನಂತರವಷ್ಟೇ ಮರಳಿಸುವ ಕರ್ತವ್ಯವನ್ನು 1929ರ ಒಪ್ಪಂದ ವಿಧಿಸಿದ್ದರಿಂದ, ಹಲವರಿಗೆ ತಾಯ್ನಾಡು ಕಾಣಲು 1946ರವರೆಗೆ ಕಾಯಬೇಕಾಯಿತು.

ಅತ್ತ ಸಿಂಗಪುರದಲ್ಲಿ

ಜಾಲಹಳ್ಳಿಯಲ್ಲಿ ಇಟಲಿಯವರು ಸೆರೆಯಲ್ಲಿದ್ದ ಕಾಲದಲ್ಲಿಯೇ ಮೈಸೂರಿನ ಸೈನಿಕರು ಸಮುದ್ರದಾಚೆ ಸೆರೆಯಲ್ಲಿದ್ದರು. ಮೈಸೂರು ಸಂಸ್ಥಾನದ ಒಂದನೆಯ ಪದಾತಿ ದಳ ಮಲಯ ರಂಗಕ್ಕೆ ಹೋಗಿತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾದಾಗ ಅದೂ ಜಪಾನೀಯರ ವಶವಾಯಿತು. ಜಪಾನ್ 1929ರ ಯುದ್ಧಕೈದಿ ಒಪ್ಪಂದಕ್ಕೆ ಸಹಿ ಹಾಕಿತ್ತು, ಆದರೆ ಅದನ್ನು ಅಂಗೀಕರಿಸಿರಲಿಲ್ಲ. ಕೈದಿಗಳ ಪಟ್ಟಿಗಳೂ ಪತ್ರಗಳೂ ಮನೆಯವರಿಗೆ ತಲುಪಿದ್ದು ಅತ್ಯಲ್ಪ. ಮೂರೂವರೆ ವರ್ಷ ಅನೇಕ ಕುಟುಂಬಗಳಿಗೆ ತಮ್ಮವರು ಬದುಕಿದ್ದಾರೆಯೇ ಎಂಬುದೂ ತಿಳಿಯಲಿಲ್ಲ. ಒಂದೇ ಯುದ್ಧ, ಒಂದೇ ವರ್ಷಗಳು, ವ್ಯತ್ಯಾಸವಿದ್ದದ್ದು ನಿಯಮಪಾಲನೆಯಲ್ಲಿ.

ಸ್ವಾತಂತ್ರ್ಯಾನಂತರ

1949ರ ಆಗಸ್ಟ್ 12ರ ಮೂರನೆಯ ಜಿನೀವಾ ಒಪ್ಪಂದ, ಸಕ್ರಿಯ ಹೋರಾಟ ನಿಂತೊಡನೆ ವಿಳಂಬವಿಲ್ಲದೆ ಕೈದಿಗಳನ್ನು ಮರಳಿಸಬೇಕೆಂದು ವಿಧಿಸಿತು. ಭಾರತ 1950ರಲ್ಲಿ ಅದನ್ನು ಅಂಗೀಕರಿಸಿ, 1960ರಲ್ಲಿ ಜಿನೀವಾ ಒಪ್ಪಂದಗಳ ಅಧಿನಿಯಮವನ್ನು ಜಾರಿಗೆ ತಂದಿತು.

1965ರ ಯುದ್ಧದ ಕೊನೆಯಲ್ಲಿ, ಸೆಪ್ಟೆಂಬರ್ 22ರಂದು, ಕೊಡಗಿನ ಜನರಲ್ ಕೆ.ಎಂ. ಕಾರ್ಯಪ್ಪನವರ ಪುತ್ರ, ವಾಯುಸೇನೆಯ ಕೆ.ಸಿ. ಕಾರ್ಯಪ್ಪ ಪಾಕಿಸ್ತಾನದಲ್ಲಿ ಸೆರೆಯಾದರು. ಹಿಂದೆ ಒಂದೇ ಸೇನೆಯಲ್ಲಿದ್ದ ಪರಿಚಯದಿಂದ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ವಿಶೇಷ ಕಾಳಜಿ ತೋರಿದರು. ತಂದೆಯವರು ಆ ರಿಯಾಯಿತಿಯನ್ನು ಒಪ್ಪದೆ, ಎಲ್ಲ ಕೈದಿಗಳನ್ನೂ ಸಮನಾಗಿ ಕಾಣಬೇಕೆಂದು ತಿಳಿಸಿದರೆಂಬುದು ಪ್ರಸಿದ್ಧ. 1966ರ ಜನವರಿಯಲ್ಲಿ ಮಗ ಮರಳಿದರು. ದೊಡ್ಡವರ ಸ್ನೇಹ ಒಬ್ಬ ಕೈದಿಯನ್ನು ಕಾಯಬಹುದು, ಆದರೆ ಎಲ್ಲರನ್ನೂ ಕಾಯುವುದು ನಿಯಮ ಮಾತ್ರ.

1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿಯಾದಾಗ ಸುಮಾರು 93,000 ಮಂದಿ ಭಾರತದ ವಶಕ್ಕೆ ಬಂದರು. ಅವರನ್ನು ಮರಳಿಸುವ ಕಾರ್ಯ 1974ರ ಏಪ್ರಿಲ್‌ನಲ್ಲಿ ಮುಗಿಯಿತು. ಇನ್ನೊಂದೆಡೆ, 1965 ಮತ್ತು 1971ರ ಯುದ್ಧಗಳ 54 ಭಾರತೀಯ ಯೋಧರು ಪಾಕಿಸ್ತಾನದ ಸೆರೆಯಲ್ಲಿದ್ದಾರೆಂದು ಭಾರತ ಹೇಳುತ್ತ ಬಂದಿದೆ. ಪಾಕಿಸ್ತಾನ ಅದನ್ನು ನಿರಾಕರಿಸುತ್ತ ಬಂದಿದೆ. ಆ ಮನೆಗಳಲ್ಲಿ ಶ್ರಾದ್ಧ ಮಾಡಬೇಕೋ ದಾರಿ ಕಾಯಬೇಕೋ ಎಂಬ ತೀರ್ಮಾನವೇ ಅರ್ಧ ಶತಮಾನದಿಂದ ನಿಂತುಹೋಗಿದೆ.

ಬೆಂಗಳೂರಿನ ಸೇನಾ ಪೊಲೀಸ್ ಕೇಂದ್ರದಲ್ಲಿ 2021ರ ಮೇ 8ರಂದು 83 ಮಹಿಳೆಯರ ಮೊದಲ ತಂಡ ತರಬೇತಿ ಮುಗಿಸಿ ಸೇನೆ ಸೇರಿತು. ‘ಸೇವಾ ತಥಾ ಸಹಾಯತಾ’ ಎಂಬುದು ಈ ದಳದ ಧ್ಯೇಯವಾಕ್ಯ. ಕಬ್ಬಾಳದುರ್ಗದ ಬಂದಿಗಳಲ್ಲಿ ಬಹುತೇಕರ ಹೆಸರು ಇಂದು ಯಾರಿಗೂ ತಿಳಿಯದು. ಸೆರೆಯಾದ ಸೈನಿಕನ ಹೆಸರನ್ನು ಸರಿಯಾಗಿ ಬರೆದು, ತಲೆ ಎಣಿಸಿ, ಸಹಿ ಮಾಡಿ ಮುಂದಿನವರಿಗೆ ಒಪ್ಪಿಸುವ ಸಾಧಾರಣ ಕೆಲಸವೇ ಶತ್ರುವಿಗೂ ಶತ್ರುವಿನ ಮನೆಯವರಿಗೂ ಮಾಡಬಹುದಾದ ದೊಡ್ಡ ಸಹಾಯ.